ಪ್ರೊಜೆಕ್ಟರ್, ಪ್ಯಾನೆಲ್, ಟಿವಿ, ಮೊಬೈಲ್: ನಮ್ಮ ಕಡೆಯ ಕ್ಲಾಸಿಗೆ ಯಾವುದು ಆಗಿಬರುತ್ತದೆ?

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. "ಸರ್, ಹಳೆ ವಿದ್ಯಾರ್ಥಿಗಳು ರೊಕ್ಕ ಕೂಡಿಸ್ಯಾರ, ಕ್ಲಾಸಿಗೆ ಏನ್ ತಗೋಬೇಕ್ರಿ?" ಅಂತ ಅಕ್ಕಪಕ್ಕದ ಶಾಲೆಯವರು ಫೋನ್ ಮಾಡುತ್ತಿರುತ್ತಾರೆ. ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಹೋಗಿ ಅಂಗಡಿಯವರನ್ನು ಕೇಳಿದರೆ ಇಂಚು, ಲುಮೆನ್ಸ್, 4ಕೆ ಅಂತ ಶುರು ಮಾಡುತ್ತಾರೆ. ನಾನು ನೋಡುವುದು ಎರಡೇ ವಿಷಯ. ಬೆಲ್ ಹೊಡೆದ ಮೇಲೆ ಚಿತ್ರ ಮೂಡಲು ಎಷ್ಟು ಹೊತ್ತು ಬೇಕು? ನಡುವೆ ಕರೆಂಟ್ ಹೋದರೆ ಪಾಠದ ಗತಿ ಏನು?

ಪೀರಿಯಡ್ ಇರುವುದೇ 40 ನಿಮಿಷ. ಹಾಜರಿ, ನಿನ್ನೆ ಹೇಳಿದ್ದರ ನೆನಪು ಅಂತ ಐದಾರು ನಿಮಿಷ ಹೋಗಿಯೇ ಹೋಗುತ್ತದೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಕೊನೆ, 2025ರಲ್ಲಿ ನಮ್ಮ ಕಲಬುರಗಿ ಕೊನೆ. ಹಾಗಾಗಿ ಈ ಕಡೆಯ ಹತ್ತನೇ ಕ್ಲಾಸಿನ ಮಾಸ್ತರಿಗೆ ಕೇಬಲ್ ಹುಡುಕುತ್ತಾ ಒಂದು ಪೀರಿಯಡ್ ಕಳೆಯುವುದು ಅಂದರೆ ಹೊಟ್ಟೆ ಉರಿಯುವ ಮಾತು.

ಈ ನಾಲ್ಕನ್ನೂ ನಾನು ಹತ್ತನೇ ಕ್ಲಾಸಿನ ವಿದ್ಯುಚ್ಛಕ್ತಿ ಮತ್ತು ಮಾನವನ ಕಣ್ಣಿನ ಪಾಠಗಳಿಗೆ ಬಳಸಿ ನೋಡಿದ್ದೇನೆ. ಪಾಠ ಒಂದೇ ಆದರೆ ಹೋಲಿಸುವುದು ಸುಲಭ, ಅಲ್ವಾ?

ಮೊದಲು ಪ್ರೊಜೆಕ್ಟರ್. ತಂತ್ರಜ್ಞಾನ ಬಳಸಿ ಕಲಿಸಬೇಕು ಅಂತ ರಾಜ್ಯ ಸರ್ಕಾರ ತಂದ ಟಾಲ್ಪ್ ಕಾರ್ಯಕ್ರಮದ ಕಾಲದಲ್ಲಿ ಅನೇಕ ಹೈಸ್ಕೂಲುಗಳಿಗೆ ಲ್ಯಾಪ್‌ಟಾಪ್ ಜೊತೆ ಬಂದದ್ದು ಇದೇ. ಚಿತ್ರದ ಗಾತ್ರದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಗೋಡೆಯ ಮೇಲೆ ಆರು ಅಡಿ ಅಗಲದ ಕಣ್ಣು ಮೂಡಿದಾಗ ಕೊನೇ ಬೆಂಚಿನ ಹುಡುಗನಿಗೂ ಸಿಲಿಯರಿ ಸ್ನಾಯು, ಪಾಪೆ, ರೆಟಿನಾ ಎಲ್ಲಾ ಕಾಣುತ್ತವೆ. ಮಳೆಗಾಲದ ಮೋಡದ ದಿನ ಇದ್ದರಂತೂ ಚಂದವೋ ಚಂದ.

ಆದರೆ ನಮ್ಮೂರಲ್ಲಿ ಮೋಡದ ದಿನ ಎಷ್ಟು? ಫೆಬ್ರುವರಿ ದಾಟಿದರೆ ಬಿಸಿಲು ಏರುತ್ತದೆ, ಮಾರ್ಚ್‌ನಲ್ಲೇ 40 ಡಿಗ್ರಿ ಮುಟ್ಟುತ್ತದೆ. ಪ್ರೊಜೆಕ್ಟರ್‌ಗೆ ಕತ್ತಲೆ ಬೇಕು, ಮಕ್ಕಳಿಗೆ ಗಾಳಿ ಬೇಕು. ಕಿಟಕಿ ಮುಚ್ಚಿದರೆ ಚಿತ್ರ ಬರುತ್ತದೆ, ಮಕ್ಕಳು ಬೆವರುತ್ತಾರೆ. ತೆರೆದರೆ ಗೋಡೆ ಬಿಳಿಚಿಕೊಳ್ಳುತ್ತದೆ. ಅಷ್ಟರಲ್ಲಿ ಕರೆಂಟ್ ಹೋದರೆ ಫ್ಯಾನೂ ಇಲ್ಲ, ಚಿತ್ರವೂ ಇಲ್ಲ, ಕತ್ತಲೆ ಕೋಣೆಯಲ್ಲಿ ಐವತ್ತು ಮಕ್ಕಳು. ಆ ಗದ್ದಲವನ್ನು ಹತೋಟಿಗೆ ತರುವುದಕ್ಕೆ ಐದು ನಿಮಿಷ ಬೇಕು.

ಇನ್ನೊಂದು ತೊಂದರೆ ಲ್ಯಾಂಪ್‌ನದು. ಹಳೆ ಮಾದರಿಯ ಪ್ರೊಜೆಕ್ಟರ್ ಒಳಗೆ ಬಹಳ ಬಿಸಿಯಾಗುವ ಲ್ಯಾಂಪ್ ಇರುತ್ತದೆ. ಬಂದ್ ಮಾಡಿದ ಮೇಲೂ ಒಳಗಿನ ಫ್ಯಾನ್ ಸ್ವಲ್ಪ ಹೊತ್ತು ತಿರುಗಿ ಅದನ್ನು ತಣ್ಣಗೆ ಮಾಡಬೇಕು. ಕರೆಂಟ್ ಹಠಾತ್ತನೆ ಹೋದರೆ ಆ ಫ್ಯಾನೂ ನಿಲ್ಲುತ್ತದೆ. ಎರಡು ನಿಮಿಷಕ್ಕೆ ಕರೆಂಟ್ ಬಂದರೂ ಲ್ಯಾಂಪ್ ತಣ್ಣಗಾಗುವ ತನಕ ಅದು ಮತ್ತೆ ಹೊತ್ತಿಕೊಳ್ಳುವುದಿಲ್ಲ. ಹೀಗೆ ಪದೇ ಪದೇ ಆದರೆ ಲ್ಯಾಂಪಿನ ಆಯಸ್ಸೂ ಕಡಿಮೆಯಾಗುತ್ತದೆ. ಮೇಲೆ ಧೂಳು ಬೇರೆ. ತೊಗರಿ ರಾಶಿಯ ದಿನಗಳಲ್ಲಿ ಊರೆಲ್ಲಾ ಹೊಟ್ಟು ಹಾರುತ್ತಿರುತ್ತದೆ, ಒಳಗೆ ಚಾಕ್‌ಪೀಸ್ ಪುಡಿ. ಪಕ್ಕದ ಜಾಳಿಗೆ ಬಿಚ್ಚಿದರೆ ಫಿಲ್ಟರ್ ಮೇಲೆ ಬೂದು ಬಣ್ಣದ ಕಂಬಳಿ ಹೊದಿಸಿದಂತೆ ಧೂಳು ಕೂತಿರುತ್ತದೆ. ಬ್ರಷ್‌ನಿಂದ ಅದನ್ನು ತೆಗೆಯದಿದ್ದರೆ ಯಂತ್ರ ಕಾಯ್ದು ತಾನೇ ಬಂದ್ ಆಗುತ್ತದೆ. ತಿಂಗಳಿಗೊಮ್ಮೆ ಈ ಕೆಲಸ ಮಾಡುವವರು ಯಾರು? ಶಾಲೆಯಲ್ಲಿ ಅದಕ್ಕೆ ಅಂತ ಯಾರೂ ಇರುವುದಿಲ್ಲ. ವಿಜ್ಞಾನದ ಮಾಸ್ತರೇ ಮಾಡಬೇಕು.

ಎರಡನೆಯದು ದೊಡ್ಡ ಟಚ್ ಪ್ಯಾನೆಲ್. 65 ಅಥವಾ 75 ಇಂಚು, ಬೆಲೆ ಲಕ್ಷದ ಲೆಕ್ಕ. ನೋಡಿದರೆ ಯಾರಿಗಾದರೂ ಆಸೆಯಾಗಬೇಕು. ಬೆಳಕಿದ್ದರೂ ಸ್ಪಷ್ಟ, ಬೆರಳಿನಿಂದಲೇ ಬರೆಯಬಹುದು, ಬರೆದದ್ದನ್ನು ಉಳಿಸಿ ಮರುದಿನ ತೆರೆಯಬಹುದು. ವಿದ್ಯುಚ್ಛಕ್ತಿ ಪಾಠಕ್ಕೆ ಫೆಟ್‌ನ ಸರ್ಕ್ಯೂಟ್ ಸಿಮ್ಯುಲೇಶನ್, ಅಂದರೆ ತೆರೆಯ ಮೇಲೇ ವೈರ್, ಬಲ್ಬ್ ಜೋಡಿಸಿ ನೋಡುವ ಪ್ರಯೋಗ ತೆರೆದಿದ್ದೆ. ಇದನ್ನು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು ಮಾಡಿದ್ದಾರೆ, ಪೂರ್ತಿ ಉಚಿತ. ಫೈಲ್ ಇಳಿಸಿಕೊಂಡರೆ ಇಂಟರ್ನೆಟ್ ಬೇಡ, ಅನೇಕ ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ಒಬ್ಬ ಹುಡುಗಿ ಬಂದು ಬ್ಯಾಟರಿಯ ಎರಡೂ ತುದಿಗೆ ನೇರವಾಗಿ ವೈರ್ ಜೋಡಿಸಿದಳು. ನಡುವೆ ಬಲ್ಬ್ ಇಲ್ಲ. ತೆರೆಯ ಮೇಲೆ ಬ್ಯಾಟರಿಯಿಂದ ಜ್ವಾಲೆ ಎದ್ದಿತು. "ಸರ್, ಬೆಂಕಿ ಹತ್ಯಾದ್ರಿ!" ಅಂತ ಇಡೀ ಕ್ಲಾಸು ಕೂಗಿತು. ಶಾರ್ಟ್ ಸರ್ಕ್ಯೂಟ್ ಅಂದರೆ ಏನು ಅಂತ ಆಮೇಲೆ ನಾನು ಹೇಳಬೇಕಾಗಲಿಲ್ಲ. ಅವಳೇ ಎಲ್ಲರಿಗೂ ವಿವರಿಸಿದಳು.

ಇಷ್ಟು ಒಳ್ಳೆಯದನ್ನು ನಾನು ಮೊದಲನೇ ಸ್ಥಾನದಲ್ಲಿ ಯಾಕೆ ಇಡುತ್ತಿಲ್ಲ? ಬೀಗದ ಕೈಯಿಂದಾಗಿ. ಅಷ್ಟು ಬೆಲೆಯ ವಸ್ತು ಬಂದ ಕೂಡಲೇ ಅದಕ್ಕೊಂದು ಕೋಣೆ, ಕೋಣೆಗೆ ಕಬ್ಬಿಣದ ಗ್ರಿಲ್, ಗ್ರಿಲ್ಲಿಗೆ ಬೀಗ. ಬೀಗದ ಕೈ ಹೆಡ್‌ ಮಾಸ್ತರ್ ಹತ್ತಿರ. ಅವರು ಬಿಇಒ ಆಫೀಸಿನ ಮೀಟಿಂಗ್‌ಗೆ ಹೋದರೆ ಕೈಯೂ ಮೀಟಿಂಗ್‌ಗೆ ಹೋಗುತ್ತದೆ. ಅವರನ್ನು ಬೈಯುವ ಹಾಗಿಲ್ಲ. ಸ್ಟಾಕ್ ರಿಜಿಸ್ಟರ್‌ನಲ್ಲಿ ಸಹಿ ಮಾಡಿದವರು ಅವರು. ವರ್ಗಾವಣೆಯಾಗಿ ಚಾರ್ಜ್ ಕೊಡುವ ದಿನ ಗೆರೆ ಬಿದ್ದ ತೆರೆಗೆ ಉತ್ತರ ಹೇಳಬೇಕಾದವರೂ ಅವರೇ. ಕೋಣೆ ಒಂದೇ ಆದ್ದರಿಂದ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕು. ಎದ್ದು, ಸಾಲು ಹಿಡಿದು, ಚಪ್ಪಲಿ ಬಿಟ್ಟು, ಕೆಳಗೆ ಶಹಾಬಾದ್ ಕಲ್ಲಿನ ಮೇಲೆ ಕೂತು ಸುಮ್ಮನಾಗುವ ಹೊತ್ತಿಗೆ ಪೀರಿಯಡ್‌ನ ಕಾಲು ಭಾಗ ಮುಗಿದಿರುತ್ತದೆ. ಹೋಗಿ ಬರುವ ಸಮಯ ಕೂಡಿಸಿದರೆ ಇದು ಪ್ರೊಜೆಕ್ಟರ್‌ಗಿಂತ ನಿಧಾನ!

ರಿಪೇರಿ ಇನ್ನೊಂದು ಕಥೆ. ನಾನು ಬಳಸಿದ ಪ್ಯಾನೆಲ್‌ನ ಟಚ್ ಒಂದು ಅಂಚಿನಲ್ಲಿ ಕೆಲಸ ನಿಲ್ಲಿಸಿತು. ಜೋಡಿಸಿದ ದಿನ ಬಂದಿದ್ದ ಕಂಪನಿಯ ಹುಡುಗ "ನಾಳೆ ಬರ್ತೀನ್ರಿ ಸರ್" ಅನ್ನುತ್ತಲೇ ಆ ವರ್ಷದ ಪರೀಕ್ಷೆ ಮುಗಿಸಿಬಿಟ್ಟ. ಅಷ್ಟು ದಿನ ನಾವು ಆ ಅಂಚು ಬಿಟ್ಟು ಬರೆದೆವು.

ನಮ್ಮ ಗಣಿತದ ಮೇಡಂ ಮಾತ್ರ ನನ್ನ ಈ ತೀರ್ಪು ಒಪ್ಪುವುದಿಲ್ಲ. "ಸರ್, ನಿಮ್ಗ ಚಿತ್ರ ತೋರ್ಸಿದ್ರ ಮುಗೀತು. ನಂಗ ತ್ರಿಭುಜ ಎಳೀಬೇಕು" ಅನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಜಿಯೋಜೀಬ್ರಾ ಅನ್ನುವ ಗಣಿತದ ಸಾಫ್ಟ್‌ವೇರ್‌ನಲ್ಲಿ ತ್ರಿಭುಜದ ತುದಿಯನ್ನು ಬೆರಳಿನಿಂದ ಎಳೆದಾಗ ಬಾಹುಗಳ ಉದ್ದ ಬದಲಾಗುತ್ತಾ ಹೋಗುತ್ತದೆ, ಥೇಲ್ಸ್ ಪ್ರಮೇಯದ ಅನುಪಾತ ಮಾತ್ರ ಅಲ್ಲಾಡದೆ ನಿಲ್ಲುತ್ತದೆ. ಇದನ್ನು ಬೋರ್ಡಿನ ಮೇಲೆ ತೋರಿಸಲು ಹತ್ತು ತ್ರಿಭುಜ ಬರೆದರೂ ಸಾಲದು. ಗಣಿತಕ್ಕೆ ಪ್ಯಾನೆಲ್ಲೇ ಸರಿ ಅಂತ ನಾನೂ ಒಪ್ಪಿದ್ದೇನೆ. ಅವರು ಮೊದಲನೇ ಪೀರಿಯಡ್ಡನ್ನೇ ಆ ಕೋಣೆಯಲ್ಲಿ ಹಾಕಿಸಿಕೊಂಡು ಮಕ್ಕಳನ್ನು ಪ್ರಾರ್ಥನೆಯಿಂದ ನೇರವಾಗಿ ಅಲ್ಲಿಗೇ ಕಳಿಸುತ್ತಾರೆ. ಹೋಗಿ ಬರುವ ನಷ್ಟ ಅರ್ಧಕ್ಕೆ ಇಳಿಯಿತು. ಈ ಬುದ್ಧಿ ನನಗೆ ಹೊಳೆದಿರಲಿಲ್ಲ.

ಮೂರನೆಯದು ಸಾದಾ ಟಿವಿ, ಪೆನ್‌ಡ್ರೈವ್. ನನ್ನ ಆಯ್ಕೆ ಇದೇ. ಹಳೆ ವಿದ್ಯಾರ್ಥಿಗಳು ಕೊಡಿಸಿದ 43 ಇಂಚಿನ ಟಿವಿ ಹತ್ತನೇ ಕ್ಲಾಸಿನ ಗೋಡೆಯ ಮೇಲೇ ಇದೆ. ಸ್ವಿಚ್ ಒತ್ತಿದರೆ ಒಂದು ನಿಮಿಷದೊಳಗೆ ಚಿತ್ರ. ಎಲ್‌ಇಡಿ ಟಿವಿ ಹೆಚ್ಚು ಕರೆಂಟ್ ತಿನ್ನುವುದಿಲ್ಲ, ಹಾಗಾಗಿ ಕಂಪ್ಯೂಟರ್‌ನ ಸಣ್ಣ ಯುಪಿಎಸ್ಸೇ ಅದನ್ನು ಹತ್ತು-ಹದಿನೈದು ನಿಮಿಷ ಎಳೆಯುತ್ತದೆ. ಫ್ಯಾನ್ ನಿಂತರೂ ಪಾಠ ನಿಲ್ಲುವುದಿಲ್ಲ, ಕಿಟಕಿ ಹೇಗೂ ತೆರೆದೇ ಇರುತ್ತದೆ.

ಇದರ ಮುಖ್ಯ ಕೊರತೆ ಗಾತ್ರ. 43 ಇಂಚು ಅಂದರೆ ಅಡ್ಡಕ್ಕೆ 95 ಸೆಂಟಿಮೀಟರ್, ಉದ್ದಕ್ಕೆ 53. ಹಿಂದಿನ ಬೆಂಚಿಗೆ ಚಿತ್ರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಅದಕ್ಕೆ ನಾನು ಚಿತ್ರವನ್ನು ಟಿವಿಯಲ್ಲಿ ನಿಲ್ಲಿಸಿ, ಭಾಗಗಳ ಹೆಸರನ್ನು ಪಕ್ಕದ ಬೋರ್ಡಿನಲ್ಲಿ ದೊಡ್ಡದಾಗಿ ಬರೆಯುತ್ತೇನೆ. ಮಕ್ಕಳೂ ನೋಡುತ್ತಲೇ ಬರೆದುಕೊಳ್ಳುತ್ತಾರೆ. ಪ್ರೊಜೆಕ್ಟರ್ ಕತ್ತಲೆಯಲ್ಲಿ ಅವರ ನೋಟ್‌ಬುಕ್ ಅವರಿಗೇ ಕಾಣುತ್ತಿರಲಿಲ್ಲ.

ಪೆನ್‌ಡ್ರೈವ್‌ನದೂ ಕೆಲವು ತಕರಾರುಗಳಿವೆ. ಫ್ಯಾಟ್32 ಅಂತ ಫಾರ್ಮ್ಯಾಟ್ ಮಾಡಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಯುವುದಿಲ್ಲ. ಬೇರೆ ಥರ ಫಾರ್ಮ್ಯಾಟ್ ಮಾಡಿದರೆ ಕೆಲವು ಟಿವಿ ಅದನ್ನು ಗುರುತಿಸುವುದೇ ಇಲ್ಲ. ಕೆಲವೊಮ್ಮೆ ವಿಡಿಯೊ ಓಡುತ್ತದೆ, ದನಿ ಬರುವುದಿಲ್ಲ. ಟಿವಿಗೆ ಆ ಆಡಿಯೊ ಮಾದರಿ ಗೊತ್ತಿಲ್ಲ ಅಂತ ಅರ್ಥ. ಮನೆಯಲ್ಲೇ ಎಂಪಿ4 ಮಾಡಿಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇನ್ನು ದೀಕ್ಷಾ. 2017ರ ಶಿಕ್ಷಕರ ದಿನ ಶುರುವಾದ ಈ ಆ್ಯಪ್‌ನ ಪಾಠಗಳು ನಮ್ಮ ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆಯುತ್ತವೆ, ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆಯೂ ನೋಡಬಹುದು. ಆದರೆ ಆ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿದರೆ ಓಡುವುದಿಲ್ಲ, ಆ್ಯಪ್ ಒಳಗೇ ನೋಡಬೇಕು. ಸಿಮ್ಯುಲೇಶನ್ ಕೂಡ ಪೆನ್‌ಡ್ರೈವ್‌ನಿಂದ ಟಿವಿಯಲ್ಲಿ ಆಡಿಸಲಾಗದು. ಲ್ಯಾಪ್‌ಟಾಪ್ ತಂದು ಎಚ್‌ಡಿಎಂಐ ಕೇಬಲ್ ಹಾಕಬೇಕು. ಮೊಬೈಲ್‌ನಿಂದ ನೇರ ಕೇಬಲ್ ಹಾಕುತ್ತೇನೆ ಅಂತ ಅಡಾಪ್ಟರ್ ಕೊಳ್ಳಬೇಡಿ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಬಹುಪಾಲು ಆ ಸೌಲಭ್ಯವೇ ಇಲ್ಲ.

ಟಿವಿ ನನಗೆ ಹಿಡಿಸಿದ್ದಕ್ಕೆ ಇನ್ನೊಂದು ಕಾರಣ ಮಕ್ಕಳು. ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ಕಾಲದಲ್ಲಿ ಕ್ಲಾಸು ಅರ್ಧ ಖಾಲಿ. ತಪ್ಪಿಸಿಕೊಂಡವರು ವಾಪಸ್ ಬಂದಾಗ ಊಟದ ಬಿಡುವಿನಲ್ಲಿ ತಾವೇ ಪೆನ್‌ಡ್ರೈವ್ ಹಾಕಿಕೊಂಡು ಪಾಠ ನೋಡುತ್ತಾರೆ. ಲಕ್ಷದ ಪ್ಯಾನೆಲ್ಲನ್ನು ಹೀಗೆ ಮಕ್ಕಳ ಕೈಗೆ ಬಿಡಲು ಯಾವ ಹೆಡ್‌ ಮಾಸ್ತರಿಗೆ ಧೈರ್ಯ ಬರುತ್ತದೆ ಹೇಳಿ.

ಕೊನೆಯದು ಮಾಸ್ತರ ಸ್ವಂತ ಮೊಬೈಲ್. ತೆರೆಯಾಗಿ ಇದು ಸೋತಿದೆ. ಐವತ್ತು ಮಕ್ಕಳಿಗೆ ಆರಿಂಚಿನ ಚಿತ್ರ ತೋರಿಸುತ್ತಾ ಬೆಂಚಿನಿಂದ ಬೆಂಚಿಗೆ ಓಡಾಡುವುದು ಪಾಠವಲ್ಲ. ಪ್ರೊಜೆಕ್ಟರ್‌ಗೋ ಟಿವಿಗೋ ವೈಫೈ ಮೂಲಕ ಹೊಂದಿಸಿದರೆ ನಡುವೆ "ತುರ್ತು, ಇವತ್ತೇ ಕಳಿಸಿ" ಅನ್ನುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೆಸೇಜ್ ಇಡೀ ಕ್ಲಾಸಿಗೆ ಕಾಣುತ್ತದೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ವಿಡಿಯೊ ಕಳಿಸೋಣ ಅಂದರೆ ಮನೆಯಲ್ಲಿರುವ ಒಂದೇ ಒಳ್ಳೆ ಫೋನು ಅಪ್ಪನ ಜೊತೆ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿರುತ್ತದೆ.

ಆದರೆ ಪ್ರಯೋಗದ ಸಾಮಾನಾಗಿ ಮೊಬೈಲ್ ಗಟ್ಟಿಗ. ಕಣ್ಣಿನ ಪಾಠದಲ್ಲಿ ಟಿವಿ ರಿಮೋಟ್‌ನ ತುದಿಯನ್ನು ಫೋನ್ ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಿ. ಬರಿಗಣ್ಣಿಗೆ ಏನೂ ಕಾಣದು, ಕ್ಯಾಮೆರಾದಲ್ಲಿ ನೇರಳೆ ಬೆಳಕು ಮಿಣುಕುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಬರದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಅವಕೆಂಪು ಕಿರಣ ನಮ್ಮ ಕಣ್ಣಿಗೆ ಕಾಣುವುದಿಲ್ಲ ಅನ್ನುವ ಸಾಲನ್ನು ಇದಕ್ಕಿಂತ ಚೆನ್ನಾಗಿ ಯಾವ ಸ್ಮಾರ್ಟ್ ಕ್ಲಾಸೂ ಹೇಳಲಾರದು.

ನಾಲ್ಕಕ್ಕೂ ಸೇರಿದ ಒಂದು ಮಾತಿದೆ. ಸಿಗುವ ವಿಡಿಯೊಗಳ ಕನ್ನಡ ಬೆಂಗಳೂರು ಕಡೆಯದು, ಅದೂ ಪುಸ್ತಕದ ಕನ್ನಡ. ನಮ್ಮ ಕ್ಲಾಸಿನಲ್ಲಿ ಮನೆಯಲ್ಲಿ ಲಂಬಾಣಿ ಮಾತಾಡುವ ತಾಂಡಾದ ಮಕ್ಕಳಿದ್ದಾರೆ, ದಖನಿ ಉರ್ದು ಮಾತಾಡುವವರಿದ್ದಾರೆ. ಸೇಡಂ, ಗುರುಮಠಕಲ್ ಕಡೆ ತೆಲುಗು, ಬೀದರಿನ ಔರಾದ್ ಕಡೆ ಮರಾಠಿ. ನಾನು ಈಗ ದನಿ ಪೂರ್ತಿ ಬಂದ್ ಮಾಡಿ ಚಿತ್ರವಷ್ಟೇ ಓಡಿಸುತ್ತೇನೆ, ಮಾತು ನನ್ನದೇ. ಬೇಕಾದಲ್ಲಿ ನಿಲ್ಲಿಸಿ "ಈಗ ಏನಾಗ್ತದ?" ಅಂತ ಕೇಳುತ್ತೇನೆ. ಹೀಗೆ ಮಾಡಿದ ಮೇಲೆ ಸ್ಪೀಕರ್ ಚೆನ್ನಾಗಿದೆಯಾ ಅನ್ನುವ ಪ್ರಶ್ನೆಯೇ ಲೆಕ್ಕದಿಂದ ಬಿಟ್ಟುಹೋಯಿತು. ಟಿವಿಗೆ ಇನ್ನೊಂದು ಅಂಕ ಸೇರಿತು.

ಹಾಗಾದರೆ ಕೊಳ್ಳುವುದೇನು? ಹೈಸ್ಕೂಲಿಗೆ ಒಂದು ಪ್ಯಾನೆಲ್‌ನ ದುಡ್ಡು ಇದ್ದರೆ ಅದರಲ್ಲೇ ಎರಡು-ಮೂರು ಕ್ಲಾಸಿಗೆ ಟಿವಿ ಹಾಕಿಸಿ. ದುಡ್ಡು ಸಾಲುವುದಾದರೆ 43ರ ಬದಲು 55 ಇಂಚು. ಸ್ಮಾರ್ಟ್ ಆಗಿರಲೇಬೇಕು ಅಂತೇನಿಲ್ಲ, ಯುಎಸ್‌ಬಿ ಮತ್ತು ಎಚ್‌ಡಿಎಂಐ ತೂತು ಇದ್ದರೆ ಸಾಕು. ಕಿಟಕಿಯ ಎದುರು ಗೋಡೆಗೆ ಮಾತ್ರ ಹಾಕಿಸಬೇಡಿ, ಬಿಸಿಲು ಹೊಳೆದು ಏನೂ ಕಾಣುವುದಿಲ್ಲ. ಈಗಾಗಲೇ ಪ್ಯಾನೆಲ್ ಬಂದಿದ್ದರೆ ಗಣಿತದವರಿಗೆ ಮೊದಲ ಪೀರಿಯಡ್ ಕೊಡಿ, ಬೀಗದ ಕೈ ಎರಡು ಮಾಡಿಸಿ. ನಲಿಕಲಿಯ, ಅಂದರೆ ಒಂದರಿಂದ ಮೂರನೇ ಕ್ಲಾಸಿನ, ಸಣ್ಣ ಮಕ್ಕಳಿಗೆ ಇದ್ಯಾವುದೂ ಬೇಡ, ಹಾಡಿಗೆ ಒಂದು ಬ್ಲೂಟೂತ್ ಸ್ಪೀಕರ್ ಸಾಕು. ಟಿವಿ ಜೊತೆ ಯುಪಿಎಸ್ ಕೊಳ್ಳುವಾಗ ಅದರ ಬ್ಯಾಟರಿ ಎರಡು-ಮೂರು ವರ್ಷಕ್ಕೆ ಕೈಕೊಡುತ್ತದೆ ಅನ್ನುವುದು ನೆನಪಿರಲಿ. ಹೊಸ ಬ್ಯಾಟರಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಟಿವಿ ಗೋಡೆಗೇರುವ ಮೊದಲೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಡಾವಳಿಯಲ್ಲಿ ಬರೆಸಿಬಿಡಿ.