ಮಳೆ ಲೆಕ್ಕದ ಕವಿತೆಗೆ ಮೂರು ಮನೆ: ರೀಲ್ಸ್, ಬಾಡಿಗೆ ವೆಬ್‌ಸೈಟ್, ಒಂದೇ ಒಂದು ಫೈಲು

ಡಿಜಿಟಲ್ ಕವಿತೆ ಮಾಡಬೇಕೆಂದು ಹೊರಟು ನಾನು ಮೊದಲು ಖರ್ಚು ಮಾಡಿದ್ದು 1,899 ರೂಪಾಯಿ. ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಆಮೇಲೆ ಒಂದು ಪೈಸೆ ಖರ್ಚಿಲ್ಲದೆ ಮಾಡಿದ್ದು ಇವತ್ತಿಗೂ ನಿಂತಿದೆ. ಆದ್ದರಿಂದ ನನ್ನ ಒಲವು ಯಾವ ಕಡೆ ಎಂದು ಮುಚ್ಚಿಡುವುದಿಲ್ಲ. ಇಡೀ ಕವಿತೆಯನ್ನು ಒಂದೇ ಎಚ್‌ಟಿಎಂಎಲ್ ಫೈಲಿನಲ್ಲಿ (ಬ್ರೌಸರಿನಲ್ಲಿ ತೆರೆಯುವ ವೆಬ್ ಪುಟದ ಫೈಲು) ಬರೆದು ಗಿಟ್‌ಹಬ್ ಪೇಜಸ್ ಎಂಬ ಬಿಟ್ಟಿ ತಾಣದಲ್ಲಿ ಇಟ್ಟ ಸ್ವಂತ ಪುಟವೇ ನನಗೆ ಒಗ್ಗಿದ್ದು. ಉಳಿದವನ್ನೂ ತಿಂಗಳುಗಟ್ಟಲೆ ಬಳಸಿ ನೋಡಿದ್ದೇನೆ, ಆ ಅನುಭವ ಇಲ್ಲಿದೆ.

ಕವಿತೆ ಯಾವುದೆಂದು ಹೇಳದೆ ಮುಂದಿನದು ಅರ್ಥವಾಗದು. ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ತೋಟದ ಲೆಕ್ಕ, ಆಳುಗಳ ಹಾಜರಿ, ಮಳೆಯ ಅಳತೆ ಬರೆಯುವವರಿಗೆ ನಮ್ಮಲ್ಲಿ ಹಾಗೆ ಹೆಸರು. ಮಳೆಯನ್ನು ತೋಟಗಳಲ್ಲಿ ಇವತ್ತಿಗೂ ಇಂಚು, ಸೆಂಟಿನಲ್ಲೇ ಹೇಳುತ್ತೇವೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ದಿನಾ ಬೆಳಿಗ್ಗೆ ಮಾಪಕದ ನೀರು ಅಳೆದು ರಿಜಿಸ್ಟರಿನಲ್ಲಿ ಬರೆಯುವುದು ಹಲವು ವರ್ಷದಿಂದ ನನ್ನ ಕೆಲಸ. ಕವಿತೆ ಹುಟ್ಟಿದ್ದು ಆ ರಿಜಿಸ್ಟರಿನಿಂದ. ದಿನಕ್ಕೊಂದು ಸಾಲು. ಆ ದಿನ ಎಷ್ಟು ಮಳೆಯೋ ಅಷ್ಟು ರಭಸದಲ್ಲಿ ಸಾಲಿನ ಅಕ್ಷರಗಳು ಪರದೆಯ ಮೇಲಿಂದ ಉದುರುತ್ತವೆ. ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆಯ ಸಾಲು ಹೀಗಿದೆ: “ಒಂದು ಇಂಚು ಹತ್ತು ಸೆಂಟು. ಇನ್ನು ಒಂಬತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗೆ.” ಅದು ಮೆಲ್ಲಗೆ ಇಳಿಯುತ್ತದೆ. ಜುಲೈಯದು ಓದಲೂ ಬಿಡದಂತೆ ಸುರಿಯುತ್ತದೆ.

2018ರ ಆಗಸ್ಟ್ ಪುಟದಲ್ಲಿ ನಾಲ್ಕು ದಿನ ಖಾಲಿ. ಗುಡ್ಡ ಕುಸಿದು ದಾರಿ ಹೋಗಿತ್ತು, ಮಾಪಕದ ಹತ್ತಿರ ಯಾರೂ ಹೋಗಲಿಲ್ಲ. ಕವಿತೆಯಲ್ಲೂ ಆ ನಾಲ್ಕು ಸಾಲು ಖಾಲಿಯೇ. ಓದುವವರು ಬೆರಳಿಟ್ಟು ಪರದೆ ಮುಟ್ಟುವ ತನಕ ಮುಂದಿನ ದಿನ ಬರುವುದಿಲ್ಲ. ಈ ಖಾಲಿ ನಾಲ್ಕು ಸಾಲನ್ನು ಯಾವ ಮನೆ ಉಳಿಸಿಕೊಟ್ಟಿತು ಎಂಬುದೇ ನನ್ನ ಅಳತೆಗೋಲು.

ಮೊದಲು ರೀಲ್ಸ್. ಚಿಕ್ಕಮ್ಮನ ಮಗ ಕುಶಾಲನಗರದಲ್ಲಿ ಮದುವೆ ವೀಡಿಯೊ ಮಾಡುತ್ತಾನೆ. ಅವನೇ ಪರದೆಯನ್ನು ರೆಕಾರ್ಡ್ ಮಾಡಿ, ಮಳೆಯ ಸದ್ದು ಸೇರಿಸಿ, ಒಂದು ನಿಮಿಷಕ್ಕೆ ಕತ್ತರಿಸಿ ಹಾಕಿಕೊಟ್ಟ. ಎರಡು ದಿನಕ್ಕೆ ನಾಲ್ಕು ಸಾವಿರ ಮಂದಿ ನೋಡಿದರು. ಶಾಲೆಯಲ್ಲಿ ಜೊತೆಗೆ ಓದಿ ಇಪ್ಪತ್ತು ವರ್ಷ ಮಾತಿಲ್ಲದವರೂ ಹೃದಯದ ಚಿತ್ರ ಒತ್ತಿದರು. ನನಗೆ ಸಂತೋಷವಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎಷ್ಟು ಹೊತ್ತು ನೋಡಿದರು ಎಂಬ ಗೀಟು ತೆಗೆದು ನೋಡಿದಾಗ, ಆಗಸ್ಟ್ ಬರುವಲ್ಲಿ ಅದು ಧುಮುಕಿತ್ತು. ಖಾಲಿ ಪರದೆ ಕಂಡವರು ವೀಡಿಯೊ ನಿಂತುಹೋಯಿತು ಎಂದುಕೊಂಡು ಮುಂದಕ್ಕೆ ಸರಿಸಿದ್ದರು. ತಮ್ಮ ಹೇಳಿದ: “ಅಣ್ಣ, ನಾಲ್ಕು ಸೆಕೆಂಡ್ ಖಾಲಿ ಬಿಟ್ರೆ ಯಾರೂ ಕಾಯುವುದಿಲ್ಲ. ಅಲ್ಲೊಂದು ಮಿಂಚು ಹಾಕುವ.” ಅವನ ಕಸುಬಿನಲ್ಲಿ ಅದು ಸರಿಯಾದ ಮಾತು. ನನ್ನ ಕವಿತೆಯಲ್ಲಿ ಅಲ್ಲಿ ಮಿಂಚು ಹಾಕಿದರೆ ಸುಳ್ಳಾಗುತ್ತದೆ. ವೀಡಿಯೊದಲ್ಲಿ ಮುಟ್ಟಿ ಮುಂದೆ ಹೋಗುವುದಕ್ಕೆ ಜಾಗವಿಲ್ಲ. ಓದುಗರ ಕೈ ಸೇರದಿದ್ದರೆ ಈ ಕವಿತೆ ಅರ್ಧವೇ. ಊರಿಗೆಲ್ಲ ಸುದ್ದಿ ಮುಟ್ಟಿಸಲು ರೀಲ್ಸ್‌ನಷ್ಟು ಚುರುಕಾದದ್ದು ಬೇರಿಲ್ಲ. ಆ ಕೆಲಸಕ್ಕೆ ಈಗಲೂ ಬಳಸುತ್ತೇನೆ.

ಎರಡನೆಯದು ದುಡ್ಡು ಹೋದ ಕತೆ. ಕೋಡ್ ಬರೆಯದೆ ಎಳೆದು ಇಟ್ಟು ವೆಬ್‌ಸೈಟ್ ಕಟ್ಟುವ ಕಂಪನಿಯೊಂದರಲ್ಲಿ ವರ್ಷದ ಪ್ಯಾಕೇಜ್ ತೆಗೆದುಕೊಂಡೆ. ಫೋಟೊ, ಸಾದಾ ಬರಹಕ್ಕೆ ಚೆಂದವಾಗಿಯೇ ಇತ್ತು. ಅಕ್ಷರ ಉದುರಿಸುವ ನನ್ನ ಸ್ಕ್ರಿಪ್ಟ್ ಹಾಕಿದರೆ ಸೇವ್ ಮಾಡುವಾಗ ಅದೇ ತೆಗೆದುಹಾಕುತ್ತಿತ್ತು. ಕೇಳಿದ್ದಕ್ಕೆ, ಅದು ಮೇಲಿನ ಪ್ಯಾಕೇಜಿನಲ್ಲಿ ಮಾತ್ರ ಎಂದರು. ವರ್ಷ ಮುಗಿದಾಗ ನವೀಕರಣಕ್ಕೆ 5,400 ಕೇಳಿದರು. ಕಟ್ಟಲಿಲ್ಲ. ತಿಂಗಳೊಳಗೆ ಪುಟ ಮಾಯ. ಅಲ್ಲಿ ಬರೆದ ಟಿಪ್ಪಣಿಗಳನ್ನು ಒಟ್ಟಿಗೆ ಇಳಿಸಿಕೊಳ್ಳುವ ದಾರಿಯೂ ಇರಲಿಲ್ಲ. ನೀವೂ ಅಂಥದ್ದನ್ನು ಕೊಳ್ಳುವುದಿದ್ದರೆ ಮೂರು ವಿಷಯ ಮೊದಲೇ ಕೇಳಿಕೊಳ್ಳಿ: ಎರಡನೇ ವರ್ಷದ ದರ ಎಷ್ಟು, ಸ್ವಂತ ಸ್ಕ್ರಿಪ್ಟ್ ಓಡುತ್ತದೆಯೇ, ಬಿಟ್ಟುಹೋಗುವಾಗ ಬರೆದದ್ದೆಲ್ಲ ಕೈಗೆ ಬರುತ್ತದೆಯೇ.

ಟ್ವೈನ್ ಬಗ್ಗೆಯೂ ಎರಡು ಮಾತು. 2009ರಲ್ಲಿ ಕ್ರಿಸ್ ಕ್ಲಿಮಾಸ್ ಮಾಡಿದ ಈ ಸಾಧನ ಬಿಟ್ಟಿ ಸಿಗುತ್ತದೆ. ಕೊನೆಗೆ ಕೈಗೆ ಕೊಡುವುದೂ ಒಂದೇ ಎಚ್‌ಟಿಎಂಎಲ್ ಫೈಲನ್ನು. ಓದುಗರು ದಾರಿ ಆರಿಸಿಕೊಂಡು ಹೋಗುವ ಕತೆಗೆ ಬಹಳ ಒಳ್ಳೆಯದು, ಕನ್ನಡವನ್ನು ನೇರ ಟೈಪ್ ಮಾಡಬಹುದು. ಮಾಡಿದ್ದನ್ನು ಇಚ್ ಎಂಬ ತಾಣಕ್ಕೆ ಏರಿಸಿದರೆ ಬ್ರೌಸರಿನಲ್ಲೇ ತೆರೆಯುತ್ತದೆ, ಬೇಕಾದರೆ ಬೆಲೆಯನ್ನೂ ಇಡಬಹುದು. ನನ್ನ ಮಳೆಗೆ ಕವಲುದಾರಿ ಬೇಕಿರಲಿಲ್ಲ, ಅಷ್ಟೇ.

ಡಿಜಿಟಲ್ ಕೃತಿಯ ಒಡೆತನದ ದಾಖಲೆ ಮಾರುವ ಎನ್‌ಎಫ್‌ಟಿ? 2021ರ ಮಾರ್ಚಿನಲ್ಲಿ ಬೀಪಲ್ ಎಂಬ ಕಲಾವಿದನ ಒಂದು ಡಿಜಿಟಲ್ ಚಿತ್ರ ಕ್ರಿಸ್ಟೀಸ್ ಹರಾಜಿನಲ್ಲಿ 6.9 ಕೋಟಿ ಡಾಲರಿಗೆ ಹೋದ ಮೇಲೆ ನನಗೂ ಹಲವರು ಹೇಳಿದರು. ನನ್ನ ಮಾಸಿಕ ಸಂಬಳದಲ್ಲಿ ಆಡುವ ಆಟವಲ್ಲ ಎಂದು ಆ ಕಡೆ ಹೋಗಲಿಲ್ಲ.

ಇನ್ನು ಸ್ವಂತ ಪುಟ. ಗಿಟ್‌ಹಬ್‌ನಲ್ಲಿ ಖಾತೆ ತೆರೆದು, ಬ್ರೌಸರಿನಿಂದಲೇ ಫೈಲು ಏರಿಸಿ, ಪೇಜಸ್ ಎಂಬುದನ್ನು ಆನ್ ಮಾಡಿದರೆ ಮುಗಿಯಿತು. 1 ಜಿಬಿ ಜಾಗ ಕೊಡುತ್ತಾರೆ. ನನ್ನ ಕವಿತೆ ಅಕ್ಷರದ ಫಾಂಟನ್ನು ಒಳಗೇ ಸೇರಿಸಿಕೊಂಡೂ 1 ಎಂಬಿ ಮುಟ್ಟುವುದಿಲ್ಲ. ನಿಯೋಸಿಟೀಸ್ ಎಂಬ ತಾಣ ಕೂಡ ಇಂಥದ್ದೇ. ಪುಟ ಏರಿಸುವುದು ಸುಲಭ. ಕಷ್ಟ ಬಂದದ್ದು ಕನ್ನಡದಿಂದ, ಅದರಲ್ಲೂ ಒತ್ತಕ್ಷರದಿಂದ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿದ್ದು ನನಗೆ ಸಿಗಲಿಲ್ಲವಾದ್ದರಿಂದ ಬಿಡಿಸಿ ಹೇಳುತ್ತೇನೆ.

ಅಕ್ಷರ ಒಂದೊಂದಾಗಿ ಉದುರಬೇಕಾದರೆ ಮೊದಲು ಸಾಲನ್ನು ಅಕ್ಷರಗಳಾಗಿ ಬಿಡಿಸಬೇಕು. ಇಂಗ್ಲಿಷಿನ ಉದಾಹರಣೆ ನೋಡಿ ಅದೇ ಕೋಡನ್ನು ನಮ್ಮ ಸುಗ್ಗಿ ಹಬ್ಬ ‘ಹುತ್ತರಿ’ ಎಂಬ ಪದಕ್ಕೆ ಹಾಕಿದೆ. ಏಳು ತುಂಡಾಯಿತು: ಹ, ಕೊಂಬು, ತ, ಹಲಂತ (‘ತ್’ನಲ್ಲಿ ಸ್ವರ ತೆಗೆಯುವ ಗುರುತು), ತ, ರ, ಗುಡಿಸು. ಕಂಪ್ಯೂಟರಿನ ಅಕ್ಷರಪದ್ಧತಿಯಾದ ಯೂನಿಕೋಡ್ ಒಳಗೆ ಇಟ್ಟುಕೊಳ್ಳುವುದೇ ಹಾಗೆ. ಪರದೆಯ ಮೇಲೆ ಕೊಂಬು, ಗುಡಿಸುಗಳು ಒಂದೊಂದು ಚುಕ್ಕಿಚುಕ್ಕಿ ವೃತ್ತ ತಗುಲಿಸಿಕೊಂಡು ಬೇರೆಬೇರೆಯಾಗಿ ಬಿದ್ದವು. ಭತ್ತದ ತೆನೆಯಲ್ಲ, ಹೊಟ್ಟು ಸುರಿದಂತಿತ್ತು. ಎರಡು ರಾತ್ರಿ ನನ್ನ ಫಾಂಟೇ ಕೆಟ್ಟಿದೆ ಎಂದುಕೊಂಡು ನಾಲ್ಕು ಫಾಂಟ್ ಬದಲಿಸಿದೆ. ಫಾಂಟಿನದು ತಪ್ಪಿರಲಿಲ್ಲ.

ಆಮೇಲೆ ಗೊತ್ತಾಯಿತು, ಪದವನ್ನು ಕಣ್ಣಿಗೆ ಕಾಣುವ ಅಕ್ಷರಗಳಾಗಿ ಬಿಡಿಸಲು ಈಗಿನ ಬ್ರೌಸರುಗಳಲ್ಲೇ ಸೆಗ್ಮೆಂಟರ್ ಎಂಬ ಸೌಲಭ್ಯವಿದೆ ಎಂದು. ಅದನ್ನು ಹಾಕಿದರೆ ಕೊಂಬು, ಗುಡಿಸು ಸರಿಹೋದವು. ಒತ್ತು ಸರಿಹೋಗಲಿಲ್ಲ. ‘ಹು’, ‘ತ್’, ‘ತ’, ‘ರಿ’ ಎಂದು ನಾಲ್ಕಾಯಿತು. ‘ಸ್ತ್ರೀ’ ಕೊಟ್ಟರೆ ‘ಸ್’, ‘ತ್’, ‘ರೀ’ ಎಂದು ಮೂರು. ‘ಸೂರ್ಯ’ ಕೊಟ್ಟರೆ ಅರ್ಕಾವತ್ತು ಕಾಣೆಯಾಗಿ ‘ರ್’ ಮುಂದೆ ಬಂದು ನಿಂತಿತು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಪ್ರಸ್ತಾರ ಹಾಕಿಸುವಾಗ ಹು-ತ್ತ-ರಿ ಎಂದು ಮೂರೇ ಎಣಿಸುತ್ತಿದ್ದರು, ಒತ್ತಿನ ಹಿಂದಿನ ‘ಹು’ ಗುರು, ಉಳಿದೆರಡು ಲಘು. ಛಂದಸ್ಸಿಗೆ ಸಾವಿರ ವರ್ಷದಿಂದ ಗೊತ್ತಿರುವ ಲೆಕ್ಕ ನನ್ನ ಫೋನಿಗೆ ಗೊತ್ತಿರಲಿಲ್ಲ.

ಕೊನೆಗೆ ಮೇಷ್ಟ್ರ ಲೆಕ್ಕವನ್ನೇ ನಿಯಮವಾಗಿ ಬರೆದೆ. ವ್ಯಂಜನ ಬಂದರೆ ಹಿಡಿದುಕೋ. ಅದರ ಮುಂದೆ ಹಲಂತ, ಅದರ ಮುಂದೆ ಇನ್ನೊಂದು ವ್ಯಂಜನ ಇದ್ದರೆ ಅದನ್ನೂ ಸೇರಿಸಿಕೋ, ಹೀಗೆ ಎಷ್ಟು ಬಂದರೂ ಸೇರಿಸುತ್ತ ಹೋಗು. ಕೊನೆಯಲ್ಲಿ ಸ್ವರಚಿಹ್ನೆ, ಅನುಸ್ವಾರ, ವಿಸರ್ಗ ಇದ್ದರೆ ಅಂಟಿಸಿಕೊಂಡು ಕೆಳಗೆ ಬಿಡು. ಕೋಡಿನಲ್ಲಿ ಎರಡೇ ಸಾಲು. ಒಂದು ತೊಡಕು ಉಳಿಯಿತು: ‘ಕೈಲ್‌ಪೊಳ್ದ್’ ಎಂದು ಟೈಪ್ ಮಾಡುವಾಗ ಲ್ ಮತ್ತು ಪೊ ಒಂದರ ಕೆಳಗೊಂದು ಸೇರದಿರಲಿ ಎಂದು ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತೇವಲ್ಲ, ಅದು ತಾನೂ ಒಂದು ಅಕ್ಷರವೆಂದು ಉದುರಿ ಸಾಲಿನ ನಡುವೆ ಕಾರಣವಿಲ್ಲದ ತಡೆ ಬರುತ್ತಿತ್ತು. ಅದನ್ನು ಹಿಂದಿನ ಅಕ್ಷರಕ್ಕೇ ಅಂಟಿಸಿದ ಮೇಲೆ ನಿಂತಿತು. ಕೊಡವ ತಕ್ಕ್‌ನ (ಕೊಡವ ಭಾಷೆಯ) ಹಬ್ಬದ ಹೆಸರುಗಳು ಕವಿತೆಯಲ್ಲಿ ತುಂಬಾ ಇವೆ, ಅವನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆಯುವುದು, ಹಲಂತಗಳು ಸಾಲುಸಾಲು. ಹಾಗಾಗಿ ಈ ಕೆಲಸಕ್ಕೆ ಹದಿನೈದು ದಿನ ಹಿಡಿಯಿತು.

ಇಷ್ಟು ಕಷ್ಟಪಟ್ಟದ್ದಕ್ಕೆ ನಾನು ಎಣಿಸದಿದ್ದ ಒಂದು ಲಾಭ ಸಿಕ್ಕಿತು. ಅಕ್ಷರ ಸರಿಯಾಗಿ ಬಿಡಿಸಲು ಬಂದ ಮೇಲೆ ಗುರು ಯಾವುದು, ಲಘು ಯಾವುದು ಎಂದು ಪುಟಕ್ಕೇ ತಿಳಿಯುತ್ತದೆ. ಈಗ ಗುರು ಬೇಗ ಬೀಳುತ್ತದೆ, ಲಘು ಗಾಳಿಯಲ್ಲಿ ಸ್ವಲ್ಪ ತೇಲುತ್ತದೆ. ಸಾಲಿನ ನಡಿಗೆ ಕಣ್ಣಿಗೆ ಕಾಣುತ್ತದೆ. ಈ ಒಂದನ್ನು ನಾನು ಕಾಗದದ ಮೇಲೆ ಎಂದೂ ಮಾಡಲಾರದೆ ಇದ್ದೆ.

ಬಾಳಿಕೆಯ ಮಾತು ಬಂದರೆ, ಬ್ರೌಸರಿನಲ್ಲಿ ಚಲಿಸುವ ಚಿತ್ರ ತೋರಿಸುತ್ತಿದ್ದ ಫ್ಲ್ಯಾಶ್ ತಂತ್ರಾಂಶವನ್ನು ನೆನಪಿಟ್ಟುಕೊಳ್ಳಬೇಕು. ಇಂಟರ್ನೆಟ್ಟಿನ ಮೊದಲ ತಲೆಮಾರಿನ ಎಷ್ಟೋ ಚಲಿಸುವ ಕವಿತೆಗಳು ಅದರಲ್ಲಿದ್ದವು. 2020ರ ಡಿಸೆಂಬರ್ 31ಕ್ಕೆ ಅದನ್ನು ನಿಲ್ಲಿಸಿದ ಮೇಲೆ ಅವು ಬ್ರೌಸರಿನಲ್ಲಿ ತೆರೆಯದಾದವು. ರಫಲ್ ಎಂಬ ತಂತ್ರಾಂಶದಿಂದ ಕೆಲವಕ್ಕೆ ಮತ್ತೆ ಜೀವ ಬಂದಿದೆ. ಸಾದಾ ಎಚ್‌ಟಿಎಂಎಲ್‌ನ ಜಾಡು ಬೇರೆ. ಟಿಮ್ ಬರ್ನರ್ಸ್ ಲೀ ಮಾಡಿದ ಮೊದಲ ವೆಬ್ ಪುಟದ ಪ್ರತಿ ಇವತ್ತಿನ ಫೋನಿನಲ್ಲೂ ತೆರೆಯುತ್ತದೆ. ಇನ್ನೊಂದು, ಕಕ್ಕಡದ (ಜುಲೈ-ಆಗಸ್ಟ್ ತಿಂಗಳ) ಮಳೆಯಲ್ಲಿ ನಮ್ಮಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ದಿನಗಟ್ಟಲೆ ಇರುವುದಿಲ್ಲ. ನನ್ನ ಫೈಲು ಪೆನ್‌ಡ್ರೈವಿನಲ್ಲಿದ್ದರೂ ಫೋನಿನಲ್ಲಿದ್ದರೂ ನೆಟ್ ಇಲ್ಲದೆ ಓಡುತ್ತದೆ. ಮಳೆಯ ಕವಿತೆ ಮಳೆ ಬಂದಾಗ ತೆರೆಯದಿದ್ದರೆ ಏನು ಬಂತು?

ಮನ್ನಣೆಯ ವಿಷಯದಲ್ಲಿ ಸ್ವಂತ ಪುಟ ಹಿಂದೆ ಬೀಳುತ್ತದೆ, ಒಪ್ಪುತ್ತೇನೆ. ಮೊದಲ ಮೂರು ತಿಂಗಳಲ್ಲಿ ಬಂದವರು ಅರುವತ್ತು ಮಂದಿ. ಒಂದು ಬಹುಮಾನಕ್ಕೆ ಅರ್ಜಿ ಹಾಕಿದೆ. ಅದರಲ್ಲಿ ಪ್ರಕಾಶಕರ ಹೆಸರು, ಪುಟಗಳ ಸಂಖ್ಯೆ, ನಾಲ್ಕು ಮುದ್ರಿತ ಪ್ರತಿ ಕೇಳಿದ್ದರು. ಉದುರುವ ಅಕ್ಷರವನ್ನು ನಾಲ್ಕು ಪ್ರತಿ ಮಾಡುವುದು ಹೇಗೆ? ಲಿಂಕ್ ಬರೆದು ಕಳಿಸಿದೆ, ಉತ್ತರ ಬರಲಿಲ್ಲ. ಒಂದು ಪತ್ರಿಕೆಯವರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿ ಅಂದರು. ಇದು ನನಗೆ ನೋವಾದ ಸಂಗತಿ. ಮಡಿಕೇರಿಯಲ್ಲಿ 2014ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವನ್ನೇ ನಡೆಸಿದ ಜಿಲ್ಲೆ ನಮ್ಮದು. ದಸರಾಕ್ಕೆ ಕವಿಗೋಷ್ಠಿ ಇದ್ದೇ ಇರುತ್ತದೆ. ಪರದೆಯ ಮೇಲೆ ಮಾತ್ರ ಇರಬಲ್ಲ ಕವಿತೆಗೂ ಅಲ್ಲಿ ಒಂದು ಪ್ರೊಜೆಕ್ಟರ್, ಐದು ನಿಮಿಷ ಕೊಡಬಹುದು.

ದಾರಿ ತೋರಿಸಿದ್ದು ಹೊರಗಿನವರ ಪದ್ಧತಿ. 1999ರಲ್ಲಿ ಶುರುವಾದ ಎಲೆಕ್ಟ್ರಾನಿಕ್ ಲಿಟರೇಚರ್ ಆರ್ಗನೈಸೇಶನ್ 2006, 2011, 2016, 2022ರಲ್ಲಿ ಇಂಥ ಕೃತಿಗಳ ನಾಲ್ಕು ಸಂಕಲನ ತಂದಿದೆ, ಎಲ್ಲವನ್ನೂ ನೆಟ್‌ನಲ್ಲಿ ಬಿಟ್ಟಿ ಓದಬಹುದು. ಕೃತಿಯ ಜೊತೆಗೆ ಇದೇನು, ಹೇಗೆ ಶುರುಮಾಡಬೇಕು ಎಂಬ ವಿವರಣೆ ಇರುತ್ತದೆ. ನಾನೂ ಅದನ್ನೇ ಮಾಡಿದೆ. ಒಂದು ಪುಟದ ‘ಓದುವ ಬಗೆ’, ರಿಜಿಸ್ಟರಿನ ರೂಪದಲ್ಲೇ ಒಂದು ಪಿಡಿಎಫ್, ಒಂದು ನಿಮಿಷದ ವೀಡಿಯೊ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಪುಟದ ಪ್ರತಿ ಉಳಿಸಿದೆ, ಅದರಲ್ಲಿ ತಾರೀಕು ಬೀಳುತ್ತದೆ. ಹೂಮಳೆಯ ಸಾಲನ್ನು ಯಾರೋ ಕಾಫಿ ಹೂವಿನ ಫೋಟೊ ಮೇಲೆ ಹೆಸರಿಲ್ಲದೆ ಹಾಕಿಕೊಂಡಾಗ ಆ ತಾರೀಕು ತೋರಿಸಿದೆ, ಮರುದಿನವೇ ನನ್ನ ಹೆಸರು ಸೇರಿಸಿದರು. ಹಕ್ಕುಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ, ಆದರೂ 500 ರೂಪಾಯಿ ಕಟ್ಟಿ ಮಾಡಿಸಿದೆ. 1957ರ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯೇ. ಅಕ್ಷರ ಬಿಡಿಸುವ ನನ್ನ ಎರಡು ಸಾಲನ್ನು ಕಾನೂನು ಸಾಹಿತ್ಯವೆಂದು ಕರೆಯುತ್ತದೆ ಎಂದು ಓದಿದ ದಿನ ಬಹಳ ಹೊತ್ತು ಅದನ್ನೇ ಯೋಚಿಸುತ್ತಾ ಕುಳಿತಿದ್ದೆ.

ದಿನಾ ಹೊಸದು ಬರೆಯುವವರು, ಸಾಲು ಓದಿ ಮುಗಿಯುವ ಕವಿತೆಯವರು ರೀಲ್ಸ್ ಬಿಟ್ಟು ಬೇರೆ ಹುಡುಕಬೇಕಾಗಿಲ್ಲ. ಕತೆಗಾರರು ಟ್ವೈನ್ ಹಿಡಿಯಲಿ. ವರ್ಷಕ್ಕೊಂದೇ ಕೃತಿ ಮಾಡುವ, ರಾತ್ರಿ ಒಂಬತ್ತರ ಮೇಲೆ ಮಾತ್ರ ಬಿಡುವು ಸಿಗುವ, ನವೀಕರಣಕ್ಕೆ ದುಡ್ಡಿಡಲಾಗದ ನನ್ನಂಥವರಿಗೆ ಒಂದೇ ಫೈಲು ಸಾಕು. ಒತ್ತಕ್ಷರದ ಆ ಎರಡು ಸಾಲನ್ನು ಪುಟದಲ್ಲೇ ತೆರೆದಿಟ್ಟಿದ್ದೇನೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು.

ಆ ಅರುವತ್ತು ಮಂದಿಯಲ್ಲಿ ಒಬ್ಬರು ಮಕ್ಕಂದೂರು ಕಡೆಯವರು. ಆ ಆಗಸ್ಟಿನಲ್ಲಿ ಮನೆ ಬಿಟ್ಟು ಬಂದವರು. ಖಾಲಿ ಸಾಲಿನ ಹತ್ತಿರ ಬಂದು ಪರದೆ ಮುಟ್ಟದೆ ತುಂಬಾ ಹೊತ್ತು ಇಟ್ಟುಕೊಂಡಿದ್ದೆ ಎಂದು ಬರೆದರು. ತಮ್ಮ ಮನೆಯ ರಿಜಿಸ್ಟರೂ ಅದೇ ವಾರದಲ್ಲಿ ನಿಂತಿದೆಯಂತೆ, ಆ ಪುಟದ ಫೋಟೊ ಕಳಿಸಲೇ ಎಂದು ಕೇಳಿದರು. ಕಳಿಸಿ ಎಂದೆ. ಅವರ ಅಳತೆಗಳನ್ನು ಈಗ ಎರಡನೆಯ ಅಂಕಣವಾಗಿ ಸೇರಿಸುತ್ತಿದ್ದೇನೆ.