ಮೈಕ್ರೋಸ್ಪೈಕ್ ಜೊತೆ ನಾಲ್ಕು ವಸಂತ: ಬೆಳಗಿನ ಹಿಮಕ್ಕೆ ಸೈ, ಮಧ್ಯಾಹ್ನದ ಹಿಮಕ್ಕೆ ಸಾಲದು

ಉತ್ತರಾಖಂಡದ ಹಿಮಾಲಯದಲ್ಲಿರುವ ಕೇದಾರಕಂಠ ಶಿಖರಕ್ಕೆ ಮೊದಲ ಸಲ ಹೋದಾಗ ಬೂಟಿನಡಿ ಕಟ್ಟುವ ಮೊಳೆಸರಪಳಿಯನ್ನು, ಅಂದರೆ ಮೈಕ್ರೋಸ್ಪೈಕನ್ನು, ತಪ್ಪಲಿನ ಊರಲ್ಲೇ ಬಾಡಿಗೆಗೆ ತಗೊಂಡಿದ್ದೆ. ಎಷ್ಟೋ ಜನರ ಕಾಲಿಗೆ ಹಿಗ್ಗಿ ಹಿಗ್ಗಿ ಅದರ ರಬ್ಬರು ಸಡಿಲಾಗಿತ್ತು. ಇಳಿಯುವಾಗ ಮೂರು ಸಲ ಬೂಟಿನಿಂದ ಕಳಚಿಕೊಂಡಿತು. ಮೂರನೆಯ ಸಲ ಹಿಮದಲ್ಲಿ ಹೂತುಹೋಗಿ, ಕೈಗವಸು ತೆಗೆದು ಹುಡುಕಬೇಕಾಯಿತು. ವಾಪಸು ಬೆಂಗಳೂರಿಗೆ ಬಂದವಳೇ ಸ್ವಂತದ್ದೊಂದು ಜೋಡಿ ಕೊಂಡೆ. ಆಮೇಲೆ ದಯಾರಾ ಬುಗ್ಯಾಲ್ ಹುಲ್ಲುಗಾವಲು, ತಂಗಿಯ ಜೊತೆ ಮತ್ತೆ ಕೇದಾರಕಂಠ, ಪಂಗರ್‌ಚುಲ್ಲಾ, ಕೊನೆಗೆ ರುಪಿನ್ ಪಾಸ್ (ಬೆಟ್ಟ ದಾಟುವ ಕಣಿವೆದಾರಿ), ನಾಲ್ಕಕ್ಕೂ ಅದೇ ಜೋಡಿ. ನಾಲ್ಕೂ ಮಾರ್ಚ್‌ನಿಂದ ಜೂನ್ ಮೊದಲ ವಾರದೊಳಗಿನ ಚಾರಣಗಳು. ಹಾಗಾಗಿ ಇಲ್ಲಿ ಹೇಳುವುದೆಲ್ಲ ಕರಗುವ ಹಿಮದ ಮಾತು, ಜನವರಿಯ ಪುಡಿಹಿಮದ್ದಲ್ಲ.

ನನ್ನದು ಸಾಮಾನ್ಯ ನಮೂನೆಯದೇ. ಬೂಟಿನ ಸುತ್ತ ದಪ್ಪ ರಬ್ಬರ್ ಪಟ್ಟಿ, ಅಡಿಯಲ್ಲಿ ಸ್ಟೀಲಿನ ಸರಪಳಿ, ಕಾಲಿಗೆ 12 ಹಲ್ಲು, ಒಂದೊಂದು ಹಲ್ಲೂ ಸುಮಾರು 1 ಸೆಂಟಿಮೀಟರ್ ಉದ್ದ. ಜೋಡಿಯ ತೂಕ 400 ಗ್ರಾಂ ಒಳಗೇ. ಬ್ಯಾಗಿನಲ್ಲಿದೆ ಅಂತಲೂ ಅನ್ನಿಸುವುದಿಲ್ಲ.

ಇದರ ಗುಣ ತಿಳಿಯಬೇಕಾದರೆ ಮೊದಲು ವಸಂತದ ಹಿಮ ತಿಳಿಯಬೇಕು. ಹಗಲಲ್ಲಿ ಬಿಸಿಲಿಗೆ ಮೇಲ್ಪದರ ಕರಗುತ್ತದೆ, ಆಕಾಶ ಶುಭ್ರವಾಗಿದ್ದರೆ ರಾತ್ರಿ ಅದೇ ನೀರು ಹೆಪ್ಪುಗಟ್ಟುತ್ತದೆ. ಹೀಗೆ ದಿನಾ ಕರಗಿ ಹೆಪ್ಪುಗಟ್ಟಿ ಹಿಮ ತನ್ನ ಹೂವಿನಂಥ ಆಕಾರ ಕಳೆದುಕೊಂಡು ಹರಳು ಹರಳಾಗುತ್ತದೆ. ಬೆಳಗಿನ ಜಾವ ಐದಕ್ಕೆ ಅದು ಗಾರೆ ನೆಲ. ಬರೀ ಬೂಟಿನಲ್ಲಿ ನಿಂತರೆ ಪಾಚಿಗಟ್ಟಿದ ಬಾವಿಕಟ್ಟೆ ಮೇಲೆ ನಿಂತ ಹಾಗೆ. ಮೈಕ್ರೋಸ್ಪೈಕ್ ಹಾಕಿದ ಕೂಡಲೇ ಕರಕ್ ಕರಕ್ ಅಂತ ಕಚ್ಚಿಕೊಂಡು ಕಾಲು ನಿಲ್ಲುತ್ತದೆ. ಆ ಸದ್ದು ಕೇಳಿದರೇ ನನಗೆ ಧೈರ್ಯ. ಎಂಟು, ಒಂಬತ್ತರ ಹೊತ್ತಿಗೆ ಮೇಲಿನ ಒಂದೆರಡು ಇಂಚು ಸಡಿಲಾಗಿ ದಪ್ಪ ಉಪ್ಪಿನಂತಾಗುತ್ತದೆ. ನಡೆಯಲು ಅದಕ್ಕಿಂತ ಒಳ್ಳೆಯ ನೆಲ ನಾನು ಕಂಡಿಲ್ಲ.

ಹನ್ನೊಂದು ದಾಟಿತೋ, ಅದೇ ಇಳಿಜಾರು ಬೇರೆ ಬೆಟ್ಟವಾಗುತ್ತದೆ. ಮೊಣಕಾಲಿನವರೆಗೆ ಕಾಲು ಹೂತುಹೋಗುತ್ತದೆ, ಒದ್ದೆ ಹಿಮ ಸರಪಳಿಗೆ ಮೆತ್ತಿಕೊಂಡು ಹಲ್ಲುಗಳು ಮುಚ್ಚಿಹೋಗುತ್ತವೆ, ಅಂಗಾಲಿನ ಕೆಳಗೆ ಮುದ್ದೆ ಕಟ್ಟಿದಂತಾಗುತ್ತದೆ. ನಾಲ್ಕು ಹೆಜ್ಜೆಗೊಮ್ಮೆ ಕೋಲಿನಿಂದ ಬೂಟಿನ ಪಕ್ಕಕ್ಕೆ ತಟ್ಟಿ ಉದುರಿಸಬೇಕು. ಕಡಿದಾದ ಕಡೆ ಒದ್ದೆ ಹಿಮ ಜರುಗುವ ಭಯವೂ ಈ ಹೊತ್ತಿಗೇ ಹೆಚ್ಚು. ಮೈಕ್ರೋಸ್ಪೈಕ್ ಕೊಳ್ಳುವವರಿಗೆ ನನ್ನ ಮೊದಲ ಮಾತು ಇದೇ. ಆ ದುಡ್ಡು ಕೆಲಸಕ್ಕೆ ಬರಬೇಕಾದರೆ ರಾತ್ರಿ ಎರಡೂವರೆಗೆ ಎದ್ದು ಹೊರಡಬೇಕು. ತಡವಾಗಿ ಹೊರಡುವ ತಂಡಕ್ಕೆ ಯಾವ ಬೆಲೆಯ ಸಾಮಾನೂ ನೆರವಾಗದು.

ಪಂಗರ್‌ಚುಲ್ಲಾದಲ್ಲಿ ಇನ್ನೊಂದು ಪಾಠವಾಯಿತು. 4,500 ಮೀಟರ್ ಮೀರಿದ ಶಿಖರ ಅದು. ಮೇಲಿನ ಭಾಗದಲ್ಲಿ ಹಿಮದಡಿ ದೊಡ್ಡ ದೊಡ್ಡ ಬಂಡೆಗಳಿವೆ. ಬಂಡೆ ಬಿಸಿಲಿಗೆ ಕಾದು ಸುತ್ತಲಿನ ಹಿಮವನ್ನು ಒಳಗಿಂದಲೇ ಕರಗಿಸುತ್ತದೆ. ಮೇಲೆ ನೋಡಿದರೆ ಸಪಾಟು, ಒಳಗೆ ಪೊಳ್ಳು. ಇಳಿಯುವಾಗ ಬಂಡೆಯ ಪಕ್ಕದಲ್ಲೇ ಹೆಜ್ಜೆ ಇಟ್ಟೆ, ಬಲಗಾಲು ತೊಡೆಯವರೆಗೆ ಇಳಿದುಹೋಯಿತು. ಸರಪಳಿ ಒಳಗೆಲ್ಲೋ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ಎಳೆದರೆ ಮೊಣಕಾಲು ತಿರುಚುತ್ತದೆ. ಗೈಡ್ ಅಣ್ಣ ಓಡಿಬಂದು, “ಎಳೀಬೇಡಿ ದೀದಿ, ಅಲುಗಾಡದೆ ಕೂತಿರಿ” ಅಂತ ಹಿಂದಿಯಲ್ಲಿ ಹೇಳಿ, ಕೈಯಿಂದಲೇ ಹಿಮ ತೋಡಿ, ಒಳಗೆ ಕೈಹಾಕಿ ರಬ್ಬರ್ ಪಟ್ಟಿಯನ್ನು ಬೂಟಿನಿಂದ ಬಿಡಿಸಿದರು. ಕಾಲು ಬಂತು, ಆಮೇಲೆ ಸ್ಪೈಕೂ ಬಂತು. ಅಂದಿನಿಂದ ಹಿಮದಿಂದ ತಲೆ ಎತ್ತಿದ ಬಂಡೆಗೂ ಮರದ ಬುಡಕ್ಕೂ ಹತ್ತಿರ ಹೆಜ್ಜೆ ಇಡುವುದಿಲ್ಲ. ತೊರೆಯ ಸದ್ದು ಕಾಲಡಿ ಕೇಳಿಸಿದರೆ ನಿಂತು ಗೈಡ್‌ನನ್ನು ಕೇಳುತ್ತೇನೆ.

ಆ ದಿನ ಕಾಲು ಒದ್ದೆಯಾಗದೆ ಉಳಿದದ್ದು ಗೇಟರ್‌ನಿಂದ, ಅಂದರೆ ಬೂಟಿನ ಮೇಲಿಂದ ಮೊಣಕಾಲಿನ ಕೆಳಗಿನವರೆಗೆ ಸುತ್ತುವ ಹೊದಿಕೆಯಿಂದ. ಕುಮಾರಪರ್ವತಕ್ಕೆ ಮಳೆಗಾಲದಲ್ಲಿ ಜಿಗಣೆ ಕಾಲುಚೀಲ ಹಾಕಿಕೊಂಡು ಹೋದವರಿಗೆ ಇದರ ಉಪಯೋಗ ಬಿಡಿಸಿ ಹೇಳಬೇಕಿಲ್ಲ, ತತ್ತ್ವ ಒಂದೇ. ಬೂಟಿನ ಬಾಯಿಯಿಂದ ಒಳಗಿಳಿಯುವ ಹಿಮವನ್ನು ತಡೆಯುತ್ತದೆ. ನೀರು ತಡೆಯುವ ಬೂಟು ಅಂತ ಎಷ್ಟು ದುಡ್ಡು ಕೊಟ್ಟರೂ ಮೇಲಿಂದ ನೀರು ಇಳಿದರೆ ಅದು ಹೊರಗೆ ಹೋಗುವುದಿಲ್ಲ, ಟೆಂಟಿನ ಚಳಿಯಲ್ಲಿ ಒಣಗುವುದೂ ಇಲ್ಲ. ವಸಂತಕ್ಕೆ ಒಂದೇ ವಸ್ತು ಕೊಳ್ಳುವಷ್ಟು ದುಡ್ಡಿದ್ದರೆ ಗೇಟರ್ ಕೊಂಡು, ಸ್ಪೈಕನ್ನು ಚೆನ್ನಾಗಿ ನೋಡಿ ಬಾಡಿಗೆಗೆ ತಗೊಳ್ಳಿ ಎನ್ನುತ್ತೇನೆ. ಕಾಲು ಸ್ವಲ್ಪ ಅಗಲಿಸಿ ನಡೆಯುವುದನ್ನು ರೂಢಿಸಿಕೊಳ್ಳಿ, ಇಲ್ಲದಿದ್ದರೆ ಒಂದು ಕಾಲಿನ ಹಲ್ಲು ಇನ್ನೊಂದು ಗೇಟರನ್ನು ಹರಿಯುತ್ತದೆ. ನನ್ನದರಲ್ಲಿ ಎರಡು ತೇಪೆ ಇವೆ.

ರುಪಿನ್ ಪಾಸ್‌ನಲ್ಲಿ ಇದರ ಮಿತಿ ಗೊತ್ತಾಯಿತು. ಪಾಸ್ 4,650 ಮೀಟರ್. ಅದರ ಕೆಳಗಿನ ಕಿರಿದಾದ ಕೊರಕಲು ಜೂನ್ ಮೊದಲ ವಾರದಲ್ಲೂ ಹಿಮದಿಂದ ತುಂಬಿತ್ತು, ಏಣಿ ಇಟ್ಟಂತೆ ಕಡಿದು. ಗೈಡ್‌ಗಳು ಐಸ್ ಆಕ್ಸ್‌ನಿಂದ ಮೆಟ್ಟಿಲು ಕಡಿದುಕೊಟ್ಟಿದ್ದರಿಂದ ಹತ್ತಿದೆವು. ಸರಪಳಿಯ ಹಲ್ಲು ಚಿಕ್ಕದು, ಬೂಟಿನ ಮುಂತುದಿಯಲ್ಲಿ ಚಾಚಿಕೊಂಡ ಮೊಳೆಯೂ ಇಲ್ಲ, ಅಂಥ ಜಾಗಕ್ಕೆ ಇದು ಹೇಳಿ ಮಾಡಿಸಿದ್ದಲ್ಲ. ಸುಮಾರು 30 ಡಿಗ್ರಿ ಮೀರಿದ ಗಟ್ಟಿ ಹಿಮಕ್ಕೆ ಗಡುಸು ಅಡಿಯ ಬೂಟು, ಅದಕ್ಕೆ ಬಿಗಿಯುವ ಉದ್ದ ಹಲ್ಲಿನ ಕ್ರಾಂಪಾನ್, ಐಸ್ ಆಕ್ಸ್ ಬೇಕು, ಅವನ್ನು ಬಳಸಲು ಕಲಿತಿರಲೂ ಬೇಕು.

ಕನ್ನಡಕದ ಬಗ್ಗೆ ಚಿಕ್ಕದಾಗಿ. ಕಪ್ಪಗಿದ್ದರೆ ಸಾಲದು, ನೇರಳಾತೀತ ಕಿರಣ ತಡೆಯುವ 3 ಅಥವಾ 4ನೇ ವರ್ಗದ್ದೇ ಆಗಬೇಕು. 4ನೇ ವರ್ಗದ್ದು ತೀರಾ ಗಾಢ, ಹಾಕಿಕೊಂಡು ಗಾಡಿ ಓಡಿಸುವಂತಿಲ್ಲ. ಬಿಸಿಲು ಹಿಮದಿಂದ ಪುಟಿದು ಕೆಳಗಿನಿಂದಲೂ ಬರುತ್ತದೆ, ಸನ್‌ಸ್ಕ್ರೀನನ್ನು ಗಲ್ಲದ ಕೆಳಗೂ ಮೂಗಿನ ಹೊಳ್ಳೆಯ ಅಂಚಿಗೂ ಹಚ್ಚಿ. ತಂಗಿಗೆ ಸುಟ್ಟದ್ದು ಅಲ್ಲೇ.

ಜೂನ್ ಅಂದರೆ ಬೇಸಿಗೆ ಅಂತ ಹಗುರ ಬ್ಯಾಗ್ ಹೊತ್ತು ಹೊರಡುವ ಗೆಳೆಯರಿಗೆ ಒಂದು ಮಾತು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ, ಕರ್ನಾಟಕದಿಂದ ಹೋದ ತಂಡದ 9 ಮಂದಿ ತೀರಿಕೊಂಡರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿಂದೀಚೆಗೆ ದಪ್ಪ ಜಾಕೆಟ್, ಒಣ ಕೈಗವಸು ಇನ್ನೊಂದು ಜೊತೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಉಣ್ಣೆಯ ಕಾಲುಚೀಲ, ಇವು ನನ್ನ ಬೆನ್ನಮೇಲೇ ಇರುತ್ತವೆ. ಹೇಸರಗತ್ತೆಯ ಮೇಲೆ ಕಳಿಸುವ ಚೀಲಕ್ಕೆ ಹಾಕುವುದಿಲ್ಲ.

ಈಗ ಸ್ಪೈಕಿನ ಸ್ಥಿತಿ. ಹಿಮ ಮುಗಿದ ಮೇಲೂ ಸೋಮಾರಿತನದಿಂದ ಬಿಚ್ಚದೆ ಕಲ್ಲಿನ ಮೇಲೆ ನಡೆದು ಮುಂದಿನ ಹಲ್ಲುಗಳು ಮೊಂಡಾಗಿವೆ. ಅರದಿಂದ ಉಜ್ಜಿ ಒಂದಿಷ್ಟು ಚೂಪು ಮಾಡಿಕೊಂಡೆ. ಮೊದಲ ವರ್ಷ ಒದ್ದೆಯಲ್ಲೇ ಚೀಲದಲ್ಲಿ ಬಿಟ್ಟಿದ್ದಕ್ಕೆ ಸ್ಟೀಲಾದರೂ ತುಕ್ಕಿನ ಚುಕ್ಕೆ ಬಂತು, ಈಗ ಒರೆಸಿ, ನೆರಳಲ್ಲಿ ಒಣಗಿಸಿ ಇಡುತ್ತೇನೆ. ಎಣ್ಣೆ ಹಚ್ಚುವುದಾದರೆ ಹಲ್ಲಿಗೆ ಮಾತ್ರ, ರಬ್ಬರಿಗೆ ತಾಗಿಸಬೇಡಿ. ವಿಮಾನದಲ್ಲಿ ಹೋಗುವವರು ಚೆಕ್-ಇನ್ ಬ್ಯಾಗಿಗೇ ಹಾಕಿ, ಹಲ್ಲುಗಳಿಗೆ ಹಳೆಯ ಟವೆಲ್ ಸುತ್ತಿ. ಹಿಮ್ಮಡಿಯ ಹತ್ತಿರ, ಸರಪಳಿಯ ಬಳೆ ರಬ್ಬರಿಗೆ ಸೇರುವಲ್ಲಿ, ಎಡಗಾಲಿನದರಲ್ಲಿ ಉಗುರಿನಷ್ಟು ಬಿರುಕು ಕಾಣಿಸಿದೆ. ಹೊಲಿದರೆ ನಿಲ್ಲುವ ಜಾಗವಲ್ಲ ಅದು. ಬರುವ ಏಪ್ರಿಲ್ ಒಳಗೆ ಹೊಸದು ಕೊಳ್ಳುತ್ತೇನೆ, ಇದೇ ನಮೂನೆಯದೇ. ಈ ಸಲ ಅಂಗಡಿಗೆ ನನ್ನ ಚಾರಣದ ಬೂಟು ಹಾಕಿಕೊಂಡೇ ಹೋಗುತ್ತೇನೆ.