ಕೈ ನಡುಕಕ್ಕೆ ಪ್ರೊಪ್ರನೊಲಾಲ್: ನಾಲ್ಕು ವರ್ಷ ತಗೊಂಡವಳ ಅನುಭವ

ನಾನು ಹಳೇ ಹುಬ್ಬಳ್ಳಿಯವಳು. ಮನೆಯಲ್ಲೇ ಜಂಪರ್ ಹೊಲಿಯುತ್ತೇನೆ, 31 ವರ್ಷ ಆಯಿತು. ವಯಸ್ಸು 59. ನನಗೆ ಪಾರ್ಕಿನ್ಸನ್ ಇದೆ, ಕೈ ನಡುಗಿಸಿ, ಮೈ ಬಿಗಿ ಮಾಡಿ, ಚಲನೆ ನಿಧಾನ ಮಾಡುವ ಮೆದುಳಿನ ಕಾಯಿಲೆ. ಪ್ರೊಪ್ರನೊಲಾಲ್ ಅನ್ನೋ ಬೀಟಾ ಬ್ಲಾಕರ್ (ಎದೆ ಬಡಿತ ನಿಧಾನ ಮಾಡುವ) ಮಾತ್ರೆಯನ್ನು ನಾಲ್ಕು ವರ್ಷದಿಂದ ತಗೊಳ್ಳುತ್ತಿದ್ದೇನೆ. ಕೈ ನಡುಗೋದಕ್ಕೆ ಇದನ್ನು ಕೊಡಲಾ ಅಂತ ಡಾಕ್ಟರ್ ಕೇಳಿದ್ದಾರೆ, ಏನು ಮಾಡಲಿ ಅಂತ ನನ್ನನ್ನು ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ನನಗೆ ಆದದ್ದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು 2021ರ ದೀಪಾವಳಿ ಸುಮಾರಿಗೆ. ಕೆಲಸ ಇಲ್ಲದೆ ಕೈಯನ್ನು ತೊಡೆ ಮೇಲೆ ಇಟ್ಟು ಕೂತರೆ ಬಲಗೈ ಹೆಬ್ಬೆರಳು ತಾನೇ ಆಡುತ್ತಿತ್ತು, ಗುಳಿಗೆ ಉರುಳಿಸಿದ ಹಾಗೆ. ಜವಳಿ ಸಾಲಿನಿಂದ ಬಟ್ಟೆ ತಗೊಂಡು ಸೀದಾ ನನ್ನ ಹತ್ತಿರ ಬರುವ ಹೆಂಗಸರು ನೋಡುತ್ತಿದ್ದರು. "ಅಕ್ಕಾರ, ಕೈ ಯಾಕ ನಡಗಾಕತ್ತೈತ್ರಿ?" ಅಂತ ಒಬ್ಬರು ಕೇಳಿದ ದಿನ ಇನ್ನೂ ಜಾಸ್ತಿ ನಡುಗಿತು. ಅವರು ನೋಡಿದಷ್ಟೂ ಜಾಸ್ತಿ. ದುಬಾರಿ ಖಣವನ್ನು ಇವಳ ಕೈಗೆ ಕೊಡಬೇಕಾ ಬೇಡವಾ ಅಂತ ಅವರು ಯೋಚಿಸುತ್ತಾರೇನೋ ಅನಿಸಿ ನನಗೆ ಅಳು ಬರುತ್ತಿತ್ತು.

ಮೊದಲು ತೋರಿಸಿದ ಡಾಕ್ಟರು ಎರಡೂ ಕೈ ಮುಂದೆ ಚಾಚಿ ಅಂದರು, ಐದು ನಿಮಿಷ ನೋಡಿದರು, ಎಸೆನ್ಷಿಯಲ್ ಟ್ರೆಮರ್ ಅಂದರು, ಅಂದರೆ ಕೈ ಬಳಸುವಾಗ ಬರುವ ನಡುಕದ ಕಾಯಿಲೆ. ಪ್ರೊಪ್ರನೊಲಾಲ್ 40 ಮಿಲಿಗ್ರಾಂ ಬರೆದುಕೊಟ್ಟರು. ಉಬ್ಬಸ ಇದೆಯಾ ಅಂತ ಕೇಳಲಿಲ್ಲ. ನಾಡಿ ಹಿಡಿಯಲಿಲ್ಲ. ನನಗೂ ಕೇಳಬೇಕು ಅನ್ನೋದು ಗೊತ್ತಿರಲಿಲ್ಲ.

ಮಾತ್ರೆ ಕೆಲಸ ಮಾಡಿತು, ಇಲ್ಲ ಅನ್ನೋಲ್ಲ. ಜೇಮ್ಸ್ ಬ್ಲ್ಯಾಕ್ ಅನ್ನೋ ಸ್ಕಾಟ್ಲೆಂಡಿನ ವಿಜ್ಞಾನಿ 1960ರ ದಶಕದಲ್ಲಿ ಇದನ್ನು ಹೃದಯಕ್ಕೆ ಅಂತ ಮಾಡಿದರು, 1988ರಲ್ಲಿ ಅವರಿಗೆ ನೊಬೆಲ್ ಬಂತು. ಹೆದರಿದಾಗ ಎದೆ ಡವಡವ ಅನ್ನೋದು, ಕೈ ನಡುಗೋದು ಅಡ್ರಿನಲಿನ್ ಅನ್ನೋ ಹಾರ್ಮೋನಿನಿಂದ. ಅದು ಬಂದು ಕೂರುವ ಜಾಗದಲ್ಲಿ ಈ ಮಾತ್ರೆ ಮೊದಲೇ ಹೋಗಿ ಕೂತಿರುತ್ತದೆ. ಗಿರಾಕಿ ಮುಂದೆ ನಿಂತಾಗ ಏರುತ್ತಿದ್ದ ನಡುಕ ನನಗೆ ಅರ್ಧ ಇಳಿಯಿತು. ಆದರೆ ಸುಮ್ನೆ ಕೂತಾಗ ಬರುವ ನಡುಕ ಹಾಗೇ ಉಳಿಯಿತು. ಯಾಕೆ ಅಂತ ಎರಡು ವರ್ಷ ಗೊತ್ತಾಗಲೇ ಇಲ್ಲ.

2023ರಲ್ಲಿ ಚಿಗರಿ ಬಸ್ ಹತ್ತಿ ಧಾರವಾಡದಲ್ಲಿ ಒಬ್ಬ ನರರೋಗ ತಜ್ಞರನ್ನು ಕಂಡೆ. ಅವರು ಕೈ ಚಾಚಿಸಲಿಲ್ಲ. ತೊಡೆ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ, ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರು. 93, 86 ಅನ್ನುವಷ್ಟರಲ್ಲಿ ಬೆರಳು ಶುರು ಮಾಡಿತು. ಕೈಗೆ ಪೆನ್ನು ಕೊಟ್ಟರು, ನಿಂತಿತು. "ಸೂಜಿ ಹಿಡದಾಗ ಏನಾಗ್ತದ?" ಅಂದರು. "ನಿಲ್ತದ್ರೀ ಸಾಹೇಬ್ರ" ಅಂದೆ. ಆಮೇಲೆ ನಡೆಸಿ ನೋಡಿದರು, ಬಲಗೈ ಬೀಸುತ್ತಲೇ ಇರಲಿಲ್ಲ. ನನ್ನ ಅಳತೆ ಪುಸ್ತಕ ಕೇಳಿದರು. ಹಳೇ ಪುಟದಲ್ಲಿ 34, 36 ಅಂತ ದೊಡ್ಡದಾಗಿ ಬರೆದಿದ್ದೆ. ಹೊಸ ಪುಟದಲ್ಲಿ ಅದೇ ಅಂಕಿ ಸಾಸಿವೆ ಕಾಳಿನಷ್ಟು. ಕೆಲಸ ಮಾಡುವಾಗ ಬರುವ ನಡುಕಕ್ಕೆ ಪ್ರೊಪ್ರನೊಲಾಲ್ ಒಳ್ಳೆಯದು, ನಿಮ್ಮದು ಸುಮ್ಮನಿರುವಾಗ ಬರುವ ನಡುಕ, ಇದು ಪಾರ್ಕಿನ್ಸನ್ ಅಂದರು.

ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಮಾತ್ರೆ ಲೆವೊಡೋಪಾ-ಕಾರ್ಬಿಡೋಪಾ ಶುರು ಮಾಡಿದರು. ಊಟಕ್ಕೆ ಅರ್ಧ ಗಂಟೆ ಮೊದಲು, ಬೇಳೆ, ಮೊಸರಿನ ಜೊತೆ ಬೇಡ. ಕೆಲವೇ ವಾರಗಳಲ್ಲಿ ಭುಜದ ಬಿಗಿತ ಹೋಯಿತು, ಮಷೀನಿನ ಮುಂದಿನಿಂದ ಏಳೋದು ಸಲೀಸಾಯಿತು. ನಡುಕ ಮಾತ್ರ ಅಷ್ಟು ಬೇಗ ಬಗ್ಗಲಿಲ್ಲ. ಎಷ್ಟೋ ಜನಕ್ಕೆ ಹೀಗೇ ಆಗುತ್ತದಂತೆ. ಅದಕ್ಕೇ ಹಳೇ ಮಾತ್ರೆಯನ್ನೂ ಇಟ್ಟುಕೊಂಡರು. ಜೊತೆಗೆ ಒಂದು ಮಾತನ್ನು ಮುಚ್ಚಿಡದೆ ಹೇಳಿದರು: ಪಾರ್ಕಿನ್ಸನ್ ನಡುಕಕ್ಕೆ ಬೀಟಾ ಬ್ಲಾಕರ್ ಕೊಟ್ಟು ನೋಡಿದ ಒಳ್ಳೆಯ ಪ್ರಯೋಗಗಳು ಬಹಳ ಕಡಿಮೆ. 2003ರಲ್ಲಿ ಕಾಕ್ರೇನ್ ಅನ್ನೋ, ಔಷಧಿ ಪ್ರಯೋಗಗಳನ್ನು ಪರಿಶೀಲಿಸುವ ಸಂಸ್ಥೆಯವರು ಒಟ್ಟು ಹಾಕಿ ನೋಡಿದಾಗ ಸಿಕ್ಕಿದ್ದು ನಾಲ್ಕೇ ಪ್ರಯೋಗ, ಎಲ್ಲಾ ಸೇರಿ 72 ಜನ. ನಿಮಗೆ ಉಪಯೋಗ ಆದರೆ ಇರಲಿ, ಇಲ್ಲದಿದ್ದರೆ ಬಿಡಿಸೋಣ ಅಂದರು. ಈ ನೇರ ಮಾತಿಗೆ ನಾನು ಅವರನ್ನು ನಂಬಿದೆ.

ತೊಂದರೆ ಬಂದದ್ದು ಬಿಪಿಯಿಂದ. ಪಾರ್ಕಿನ್ಸನ್ ಇದ್ದ ಎಷ್ಟೋ ಜನರಿಗೆ ಎದ್ದು ನಿಂತಾಗ ಬಿಪಿ ಇಳಿಯುತ್ತದೆ. ಲೆವೊಡೋಪಾದಿಂದಲೂ ಇಳಿಯಬಹುದು. ಅದರ ಮೇಲೆ ಬಿಪಿ ಇಳಿಸುವ ಈ ಪ್ರೊಪ್ರನೊಲಾಲ್. ಒಂದು ಮಧ್ಯಾಹ್ನ ಕತ್ತರಿ ಹಿಡಿದು ಎದ್ದವಳಿಗೆ ಕಣ್ಣು ಕತ್ತಲೆ ಬಂತು, ಇಸ್ತ್ರಿ ಮೇಜು ಹಿಡಿದುಕೊಂಡೆ. ಕತ್ತರಿ ಕಾಲಿನ ಪಕ್ಕ ಬಿತ್ತು. ಕೂತಾಗ 112 ಇದ್ದ ಮೇಲಿನ ಬಿಪಿ ನಿಂತಾಗ 86. ನಾಡಿ 52. ಡಾಕ್ಟರು 40 ಇದ್ದದ್ದನ್ನು 20ಕ್ಕೆ ಇಳಿಸಿದರು. ಈಗ ವಾರಕ್ಕೆ ಎರಡು ಸಲ ಕೂತು ಒಮ್ಮೆ, ನಿಂತು ಒಮ್ಮೆ ನೋಡಿ ಬರೆದಿಡುತ್ತೇನೆ. ಕೂತಾಗಿನ ಬಿಪಿ ಒಂದನ್ನೇ ನೋಡಿದ್ದರೆ ನನ್ನ ತೊಂದರೆ ಕಾಣುತ್ತಲೇ ಇರಲಿಲ್ಲ.

ಇನ್ನೊಂದು ತಪ್ಪು ನನ್ನದೇ. ಹಾವೇರಿಯ ತಮ್ಮನ ಮನೆಗೆ ಹೋದಾಗ ಪ್ರೊಪ್ರನೊಲಾಲ್ ಮರೆತೆ. ನಾಲ್ಕು ದಿನ ತಾನೇ ಅಂದುಕೊಂಡೆ. ಎರಡನೇ ದಿನ ಎದೆ ಓಡೋಕೆ ಶುರುವಾಯಿತು, ನಡುಕ ಮೊದಲಿಗಿಂತ ಜಾಸ್ತಿ ಬಂತು. ಈ ಮಾತ್ರೆಯನ್ನು ಒಮ್ಮೆಲೇ ಬಿಡಬಾರದು, ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಹೃದಯದ ತೊಂದರೆ ಇದ್ದವರಿಗಂತೂ ಅಪಾಯ.

ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಬೇರೆ. ಮಗ ಒಂದು ರಾತ್ರಿ ಮೊಬೈಲ್ ಹಿಡಿದು ಬಂದ. "ಅವ್ವಾ, ಈ ಗುಳಗಿ ತಗೊಂಡವರಿಗೇ ಪಾರ್ಕಿನ್ಸನ್ ಜಾಸ್ತಿ ಬರ್ತದಂತ." 2017ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅದು. ನಾರ್ವೆಯ ಸುಮಾರು 40 ಲಕ್ಷ ಜನರ 11 ವರ್ಷದ ಔಷಧಿ ಲೆಕ್ಕ ನೋಡಿದ್ದರು. ಪ್ರೊಪ್ರನೊಲಾಲ್ ತಗೊಂಡವರಲ್ಲಿ ಕಾಯಿಲೆ ಸುಮಾರು ಎರಡು ಪಟ್ಟು ಕಂಡಿತ್ತು. ನನಗೂ ಹಾಗೇ ಆಗಿತ್ತಲ್ವಾ? ಮೊದಲು ಮಾತ್ರೆ, ಎರಡು ವರ್ಷಕ್ಕೆ ಕಾಯಿಲೆ. ನನ್ನ ಕೈಯಾರೆ ತಂದುಕೊಂಡೆನಾ ಅಂತ ಒಂದು ತಿಂಗಳು ನಿದ್ದೆ ಬರಲಿಲ್ಲ.

ಧಾರವಾಡದ ಡಾಕ್ಟರು ಒಂದು ಪ್ರಶ್ನೆ ಕೇಳಿದರು: ವಾಸನೆ ಹೋದದ್ದು ಯಾವಾಗ? ನೆನಪಾಯಿತು. ಮಾತ್ರೆ ಶುರು ಮಾಡೋಕೆ ಎಷ್ಟೋ ವರ್ಷ ಮೊದಲು ಒಗ್ಗರಣೆ ಸೀದು ಮನೆ ತುಂಬಾ ಹೊಗೆ ಆಗಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಮುಡಿದ ಮಲ್ಲಿಗೆಗೂ ವಾಸನೆ ಇರಲಿಲ್ಲ. ಪಾರ್ಕಿನ್ಸನ್ ಎಷ್ಟೋ ಜನರಲ್ಲಿ ಹಾಗೇ ಮೂಗಿನಿಂದ, ಮಲಬದ್ಧತೆಯಿಂದ ವರ್ಷಗಳ ಮೊದಲೇ ಶುರುವಾಗಿರುತ್ತದೆ. ಗುರುತು ಸಿಗದ ಆ ಮೊದಮೊದಲ ನಡುಕಕ್ಕೆ ಡಾಕ್ಟರುಗಳು ಬರೆಯೋದು ಇದೇ ಮಾತ್ರೆ. ಅದಕ್ಕೇ ಲೆಕ್ಕದಲ್ಲಿ ಎರಡೂ ಜೊತೆಯಾಗಿ ಕಾಣುತ್ತವೆ. ನಡುಕಕ್ಕೆ ಅಂತ ತಗೊಂಡವರನ್ನು ಬೇರೆ ಮಾಡಿ ನೋಡಿದಾಗ ಆ ಸಂಬಂಧ ಬಹಳಷ್ಟು ಕರಗಿತು ಅಂತ ಆಮೇಲಿನ ಅಧ್ಯಯನಗಳು ಹೇಳಿವೆ. ನನಗೆ ನನ್ನ ಕೆಲಸದಿಂದಲೇ ಅರ್ಥವಾಯಿತು. ಆಲ್ಟರೇಷನ್‌ಗೆ ಬರುವ ಜಂಪರ್ ಎಲ್ಲಾ ಬಿಗಿಯಾಗಿರುತ್ತವೆ. ಆಲ್ಟರೇಷನ್‌ನಿಂದ ಬಿಗಿಯಾಯಿತು ಅಂತ ಯಾರೂ ಅನ್ನೋದಿಲ್ಲ. ಅವತ್ತು ಬಸ್ಸಿನಲ್ಲಿ ಹುಬ್ಬಳ್ಳಿ ತನಕ ಅಳುತ್ತಾ ಬಂದೆ, ಆದರೆ ಹಗುರಾಗಿತ್ತು.

ಹೋದ ತಿಂಗಳು ಪಕ್ಕದ ಮನೆಯಾಕೆ ಬಂದು ಎರಡು ಮಾತ್ರೆ ಕೇಳಿದಳು. ಮಗನಿಗೆ ಇಂಟರ್ವ್ಯೂ ಇದೆ, ಕೈ ನಡುಗುತ್ತದೆ ಅಂತ. ಆ ಹುಡುಗ ಚಳಿಗಾಲದಲ್ಲಿ ಇನ್ಹೇಲರ್ ಎಳೆಯುವವನು. ಇನ್ಹೇಲರ್ ತೆರೆಯುವ ದಾರಿಯನ್ನೇ ಈ ಮಾತ್ರೆ ಮುಚ್ಚುತ್ತದೆ, ಉಸಿರು ಕಟ್ಟಬಹುದು. ಕೊಡಲಿಲ್ಲ. ಆಕೆ ಬೇಜಾರಾದಳು, ಆಗಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರಿಗೂ ಎಚ್ಚರ ಬೇಕು. ಸಕ್ಕರೆ ಇಳಿದಾಗ ಬರುವ ನಡುಕ, ಎದೆ ಬಡಿತವನ್ನು ಇದು ಮರೆಮಾಡುತ್ತದೆ, ಬೆವರು ಮಾತ್ರ ಉಳಿಯುತ್ತದೆ. ಚೀಟಿ ಇಲ್ಲದೆ ಮಾರಬಾರದ ಮಾತ್ರೆ ಇದು. ಆದರೂ ಕೇಳಿದ ತಕ್ಷಣ ಕೊಡುವ ಅಂಗಡಿಯನ್ನು ನಾನೇ ನೋಡಿದ್ದೇನೆ, ಅಲ್ಲಿಗೆ ಹೋಗೋದು ಬಿಟ್ಟೆ.

ಮಾತ್ರೆಗೆ ನನ್ನ ಅಂಕ ಐದಕ್ಕೆ ಮೂರು. ಪಾರ್ಕಿನ್ಸನ್‌ಗೆ ಇದು ಔಷಧಿ ಅಲ್ಲ. ಜನರ ಮುಂದೆ ಏರುವ ನಡುಕವನ್ನು ನನಗೆ ಇಳಿಸಿಕೊಟ್ಟಿದೆ, ಅದಕ್ಕೆ ಮೂರು. ತಲೆಸುತ್ತಿಗೆ ಮತ್ತು ಸಂಜೆಯ ಸುಸ್ತಿಗೆ ಎರಡು ಕಳೆದೆ. ಶ್ರಾವಣಕ್ಕೆ 11 ಖಣದ ಜಂಪರ್ ಬಂದಿವೆ. ಅವು ಮುಗಿದ ಮೇಲೆ ಬಿಪಿ ಬರೆದ ಪುಸ್ತಕ ತಗೊಂಡು ಧಾರವಾಡಕ್ಕೆ ಹೋಗುತ್ತೇನೆ. ಈ 20 ಕೂಡ ಇನ್ನೂ ಬೇಕಾ ಅಂತ ಕೇಳಬೇಕು.